ಯುದ್ಧಕ್ಕೆ ಹೋಗಿ ಬಂದ ಬಿಲ್: ಮಕ್ಕಳಿಗೆ ಒಂದು ಹಳೇ ಸಿನಿಮಾ ತೋರಿಸಿದ ನನ್ನ ಅನುಭವ

ಯುದ್ಧದ ಸಿನಿಮಾ ಮಕ್ಕಳಿಗೆ ಯಾಕೆ ಬೇಕು ಅಂತ ನನ್ನನ್ನು ತುಂಬ ಜನ ಕೇಳಿದ್ದಾರೆ. ಅದರಲ್ಲೂ ನಾಯಿಗೆ ಪೆಟ್ಟಾಗುವ ಸಿನಿಮಾ. ಮಕ್ಕಳು ಅಳ್ತಾವೆ, ರಾತ್ರಿ ಬೆಚ್ಚಿ ಬೀಳ್ತಾವೆ, ಸುಮ್ನೆ ಒಂದು ಕಾರ್ಟೂನ್ ಹಾಕಿಬಿಡಿ ಅನ್ನುತ್ತಾರೆ. ನಾನು ಬಾಗಲಕೋಟೆ ಜಿಲ್ಲೆಯ ಒಂದು ಊರಿನಲ್ಲಿ ಪ್ರಾಥಮಿಕ ಶಾಲೆ ಶಿಕ್ಷಕಿ. ಶನಿವಾರ ಬೆಳಗಿನ ಶಾಲೆ ಮುಗಿದ ಮೇಲೆ ಮಕ್ಕಳನ್ನು ಕೂರಿಸಿಕೊಂಡು ಸಿನಿಮಾ ತೋರಿಸುತ್ತೇನೆ. ಬೇರೆ ಬೇರೆ ದೇಶದ್ದು, ಬೇರೆ ಬೇರೆ ಕಾಲದ್ದು. ಅವುಗಳಲ್ಲಿ ನಾನು ಮತ್ತೆ ಮತ್ತೆ ತೋರಿಸುವುದು 1946ರ ‘ಕರೇಜ್ ಆಫ್ ಲ್ಯಾಸಿ’. ಹೇಗೆ ತೋರಿಸುತ್ತೇನೆ, ಯಾಕೆ ಹಾಗೆ ತೋರಿಸುತ್ತೇನೆ ಅನ್ನುವುದನ್ನು ಇಲ್ಲಿ ಬರೆಯುತ್ತೇನೆ. ಬೇರೆ ಶಿಕ್ಷಕರಿಗೂ, ಮನೆಯಲ್ಲಿ ಮಕ್ಕಳ ಜೊತೆ ಸಿನಿಮಾ ನೋಡುವವರಿಗೂ ಉಪಯೋಗ ಆಗಬಹುದು.

ಮೊದಲು ಕಥೆ. ಬಿಲ್ ಅನ್ನುವುದು ‘ಕಾಲಿ’ ಅನ್ನುವ, ಕುರಿ ಕಾಯುವ ಜಾತಿಯ ನಾಯಿ. ಮರಿಯಿದ್ದಾಗಲೇ ತಾಯಿಯಿಂದ ತಪ್ಪಿಸಿಕೊಂಡು ಕಾಡಿನಲ್ಲಿ ಬೆಳೆಯುತ್ತದೆ. ಬೇಟೆಗೆ ಬಂದ ಹುಡುಗರ ಗುಂಡು ತಗಲುತ್ತದೆ. ಕ್ಯಾಥಿ ಅನ್ನುವ ಹುಡುಗಿ ಅದನ್ನು ಮನೆಗೆ ತರುತ್ತಾಳೆ. ಮ್ಯಾಕ್‌ಬೇನ್ ಅನ್ನುವ ಹಿರಿಯರ ಸಹಾಯದಿಂದ ಗಾಯ ವಾಸಿಯಾಗುತ್ತದೆ, ಕುರಿ ಕಾಯುವುದನ್ನೂ ಕಲಿಯುತ್ತದೆ. ಒಂದು ದಿನ ಲಾರಿಗೆ ಸಿಕ್ಕಿಬೀಳುತ್ತದೆ. ಡ್ರೈವರ್ ಅದನ್ನು ದೂರದ ಪಶು ಆಸ್ಪತ್ರೆಗೆ ಸೇರಿಸುತ್ತಾನೆ. ಯಾರ ನಾಯಿ ಅಂತ ಗೊತ್ತಾಗದೆ ಕೊನೆಗೆ ಅದು ಅಮೆರಿಕದ ಸೇನೆ ಪಾಲಾಗುತ್ತದೆ. ಎರಡನೇ ಮಹಾಯುದ್ಧದಲ್ಲಿ, ಅಲಾಸ್ಕಾ ಕಡೆಯ ಅಲ್ಯೂಷಿಯನ್ ದ್ವೀಪಗಳ ಕಾದಾಟದಲ್ಲಿ ಗಾಯಗೊಂಡರೂ ಓಡಿ ಹೋಗಿ ಸೈನಿಕರ ಜೀವ ಉಳಿಸುತ್ತದೆ. ಆದರೆ ಯುದ್ಧ ಅದರ ತಲೆಯೊಳಗೆ ಉಳಿದುಬಿಡುತ್ತದೆ. ವಾಪಸ್ ಬರುವಾಗ ರೈಲಿನಿಂದ ತಪ್ಪಿಸಿಕೊಂಡು ಮನೆ ಕಡೆ ಬರುತ್ತದೆ, ಆದರೆ ಈಗ ಅದು ಜನರ ಮೇಲೆ ಎರಗುವ ನಾಯಿ. ಕೊಲ್ಲಬೇಕು ಅನ್ನುತ್ತದೆ ಊರು. ಬೇಡ ಅನ್ನುತ್ತಾಳೆ ಕ್ಯಾಥಿ. ವಿಚಾರಣೆ ನಡೆಯುವಾಗ ಸೇನೆ ಹಾಕಿದ ಗುರುತು ಸಿಗುತ್ತದೆ, ಬಿಲ್ ಉಳಿಯುತ್ತದೆ.

ಕ್ಯಾಥಿಯ ಪಾತ್ರ ಮಾಡಿದ್ದು ಆಗಿನ್ನೂ ಚಿಕ್ಕವಳಾಗಿದ್ದ ಎಲಿಜಬೆತ್ ಟೇಲರ್. ಮ್ಯಾಕ್‌ಬೇನ್ ಆಗಿದ್ದು ಫ್ರಾಂಕ್ ಮಾರ್ಗನ್. ನಿರ್ದೇಶಕ ಫ್ರೆಡ್ ವಿಲ್ಕಾಕ್ಸ್. ಬಿಲ್ ಆಗಿ ನಟಿಸಿದ ನಾಯಿಯ ನಿಜವಾದ ಹೆಸರು ಪ್ಯಾಲ್. 1943ರ ‘ಲ್ಯಾಸಿ ಕಮ್ ಹೋಮ್’ ಸಿನಿಮಾದಲ್ಲಿ ಲ್ಯಾಸಿ ಅನ್ನುವ ನಾಯಿ ಆಗಿದ್ದೂ ಇದೇ ಪ್ಯಾಲ್. ಹೆಸರಿನಲ್ಲಿ ಲ್ಯಾಸಿ ಇದ್ದರೂ ಈ ಕಥೆಯಲ್ಲಿ ಲ್ಯಾಸಿ ಇಲ್ಲ. ಇದನ್ನು ಮಕ್ಕಳಿಗೆ ಮೊದಲೇ ಹೇಳಿಬಿಡಿ, ಇಲ್ಲದಿದ್ದರೆ ಅರ್ಧ ಸಿನಿಮಾ ಲ್ಯಾಸಿ ಯಾವಾಗ ಬರ್ತೈತಿ ಅಂತ ಕಾಯುತ್ತಾ ಕೂರುತ್ತಾರೆ.

ಶುರು ಮಾಡುವ ಮುಂಚೆ ಇನ್ನೊಂದು ಮಾತೂ ಹೇಳುತ್ತೇನೆ: ನಾಯಿ ಸಾಯುವುದಿಲ್ಲ. ಕಥೆ ಬಿಟ್ಟುಕೊಟ್ಟ ಹಾಗಾಯ್ತು, ಮಜಾ ಹೋಯ್ತು ಅಂತ ಕೆಲವರು ನನ್ನ ಜೊತೆ ವಾದ ಮಾಡಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಒಂಬತ್ತು ವರ್ಷದ ಮಗು ನಾಯಿ ಸಿನಿಮಾ ನೋಡುವಾಗ ಅದರ ಮನಸ್ಸಿನಲ್ಲಿರುವುದು ಒಂದೇ ಪ್ರಶ್ನೆ. “ಅಕ್ಕೋರ, ನಾಯಿ ಸಾಯ್ತೈತೇನ್ರಿ?” ಉತ್ತರ ಸಿಗುವವರೆಗೂ ಅದಕ್ಕೆ ಬೇರೇನೂ ಕಾಣುವುದಿಲ್ಲ. ಲಾರಿ ಬಂದಾಗ ಕಣ್ಣು ಮುಚ್ಚುತ್ತದೆ, ಗುಂಡು ಹಾರಿದಾಗ ಕಿವಿ ಮುಚ್ಚುತ್ತದೆ, ಆಮೇಲೆ ಏನಾಯಿತು ಅನ್ನುವುದೇ ತಿಳಿಯುವುದಿಲ್ಲ. ಬದುಕುತ್ತದೆ ಅಂತ ಗೊತ್ತಿದ್ದ ಮಗು ಕಣ್ಣು ತೆರೆದು ನೋಡುತ್ತದೆ. ಬಿಲ್‌ಗೆ ಏನಾಗುತ್ತಿದೆ, ಯಾಕೆ ಹೀಗಾಯಿತು ಅಂತ ಯೋಚನೆ ಮಾಡುತ್ತದೆ. ನನಗೆ ಬೇಕಾಗಿರುವುದೂ ಅದೇ.

ಭಾಷೆಯ ವಿಷಯಕ್ಕೆ ಬರೋಣ. ನಮ್ಮ ಮಕ್ಕಳಿಗೆ ಆ ಕಾಲದ ಅಮೆರಿಕನ್ ಇಂಗ್ಲಿಷ್ ಹತ್ತುವುದಿಲ್ಲ. ಅದಕ್ಕೆ ನಾನೇ ಕಥೆ ಹೇಳುತ್ತಾ ಹೋಗುತ್ತೇನೆ, ನಮ್ಮ ಊರಿನ ಮಾತಿನಲ್ಲಿ. ಪರದೆ ಪಕ್ಕ ನಿಲ್ಲುವುದಿಲ್ಲ, ಹಿಂದೆ ನಿಲ್ಲುತ್ತೇನೆ. ಮುಂದೆ ನಿಂತರೆ ಮಕ್ಕಳು ನನ್ನ ಮುಖ ನೋಡುತ್ತಾರೆ, ಸಿನಿಮಾ ನೋಡುವುದಿಲ್ಲ. ಕೈಯಲ್ಲಿ ರಿಮೋಟ್ ಇರುತ್ತದೆ. ಜನ ಮಾತಾಡುವಾಗ ಸೌಂಡ್ ಇಳಿಸುತ್ತೇನೆ, ನಾಯಿ ಬೊಗಳಿದಾಗ, ನೀರು ಹರಿದಾಗ, ಕುರಿ ಕೂಗಿದಾಗ ಏರಿಸುತ್ತೇನೆ. ಒಂದೊಂದು ಮಾತನ್ನೂ ಹೇಳಲು ಹೋಗಬಾರದು. ಯಾರು ಯಾರ ಮೇಲೆ ಸಿಟ್ಟಾಗಿದ್ದಾರೆ, ಯಾರು ಏನು ಮುಚ್ಚಿಡುತ್ತಿದ್ದಾರೆ ಅಂತ ಹೇಳಿದರೆ ಸಾಕು. ಉಳಿದದ್ದನ್ನು ಮಕ್ಕಳೇ ಮುಖ ನೋಡಿ ಹೇಳುತ್ತಾರೆ.

ಸಿನಿಮಾದ ಮೊದಲ ಭಾಗದಲ್ಲಂತೂ ನಾನು ಬಾಯೇ ತೆರೆಯುವುದಿಲ್ಲ. ಅಲ್ಲಿ ಮಾತು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಮರಿ ನಾಯಿ, ಕಾಡು, ನೀರು, ಕಾಡಿನ ಪ್ರಾಣಿಗಳು, ಅಷ್ಟೇ. ಅಮೆರಿಕದ ವಾಷಿಂಗ್ಟನ್ ರಾಜ್ಯದ ಚೆಲಾನ್ ಸರೋವರದ ಕಡೆ ತೆಗೆದ ಚಿತ್ರ ಅದು, ಟೆಕ್ನಿಕಲರ್ ಅನ್ನುವ ಆ ಕಾಲದ ಪದ್ಧತಿಯ ಬಣ್ಣದ್ದು. ಬಯಲುಸೀಮೆಯ ಮಕ್ಕಳು ಆ ಹಸಿರನ್ನು ನೋಡುವ ರೀತಿಯೇ ಬೇರೆ. ಅಷ್ಟೊತ್ತು ಮಾತಿಲ್ಲದೆ ಒಂದು ಮರಿಯನ್ನು ನೋಡಿದ ಮೇಲೆ ಅದು ಅವರದೇ ನಾಯಿ ಆಗಿಬಿಡುತ್ತದೆ. ಇಂಥದ್ದನ್ನು ಬೇಗ ಓಡಿಸಿ ‘ಕಥೆಗೆ’ ಬರುವವರನ್ನು ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ.

ಲಾರಿ ಅಪಘಾತ ಆಗಿ, ಬಿಲ್ ಸೇನೆಗೆ ಸೇರಿದ ಮೇಲೆ ನಾನು ಸಿನಿಮಾ ನಿಲ್ಲಿಸುತ್ತೇನೆ. ಚುರುಮುರಿ ಹಂಚುತ್ತೇನೆ. ತಿನ್ನುತ್ತಾ ಮಾತು. ನಾಯಿಗೆ ಸೈನ್ಯದಲ್ಲಿ ಏನು ಕೆಲಸ ಅಂತ ಯಾರಾದರೂ ಕೇಳೇ ಕೇಳುತ್ತಾರೆ. ಆಗ ನಿಜವಾಗಿ ನಡೆದದ್ದನ್ನು ಹೇಳುತ್ತೇನೆ. ಅಮೆರಿಕ ಯುದ್ಧಕ್ಕಿಳಿದ ಸ್ವಲ್ಪ ದಿನಕ್ಕೆ, 1942ರ ಜನವರಿಯಲ್ಲಿ, ‘ಡಾಗ್ಸ್ ಫಾರ್ ಡಿಫೆನ್ಸ್’ ಅನ್ನುವ ಸಂಸ್ಥೆ ಶುರುವಾಯಿತು. ನಿಮ್ಮ ಮನೆ ನಾಯಿಯನ್ನು ದೇಶಕ್ಕೆ ಕೊಡಿ ಅಂತ ಜನರನ್ನು ಕೇಳಿತು. ಜನ ಕೊಟ್ಟರು. ಸಾವಿರಾರು ನಾಯಿಗಳು, ಎಲ್ಲ ಯಾರದೋ ಮನೆಯಲ್ಲಿ ಬೆಳೆದವು. ವರ್ಜೀನಿಯಾದ ಫ್ರಂಟ್ ರಾಯಲ್, ನೆಬ್ರಾಸ್ಕಾದ ಫೋರ್ಟ್ ರಾಬಿನ್ಸನ್‌ನಂಥ ಕಡೆ ತರಬೇತಿ. ಕಾವಲು ಕಾಯುವುದು, ಶತ್ರುವಿನ ವಾಸನೆ ಹಿಡಿಯುವುದು, ಸುದ್ದಿ ಒಯ್ಯುವುದು.

ಚಿಪ್ಸ್ ಕಥೆಯನ್ನೂ ಇಲ್ಲೇ ಹೇಳುತ್ತೇನೆ. ನ್ಯೂಯಾರ್ಕ್ ರಾಜ್ಯದ ಪ್ಲೆಸೆಂಟ್‌ವಿಲ್ ಊರಿನ ಒಂದು ಕುಟುಂಬ ಕೊಟ್ಟ ಮಿಶ್ರ ಜಾತಿ ನಾಯಿ ಅದು. 1943ರ ಜುಲೈನಲ್ಲಿ ಇಟಲಿಯ ಸಿಸಿಲಿ ದ್ವೀಪದ ದಡದಲ್ಲಿ ಮೆಷಿನ್ ಗನ್ ಹಿಡಿದು ಕೂತಿದ್ದ ಶತ್ರುಗಳ ಮೇಲೆ ನುಗ್ಗಿತು, ಅವರು ಶರಣಾದರು. ಅದಕ್ಕೆ ಸೈನಿಕರ ಶೌರ್ಯಕ್ಕೆ ಕೊಡುವ ಸಿಲ್ವರ್ ಸ್ಟಾರ್ ಪದಕ ಕೊಟ್ಟರು, ಆಮೇಲೆ ಪ್ರಾಣಿಗೆ ಪದಕ ಸಲ್ಲದು ಅಂತ ವಾಪಸ್ ಪಡೆದರು. ಇದನ್ನು ಕೇಳಿ ಮಕ್ಕಳಿಗೆ ಬರುವ ಸಿಟ್ಟು ನೋಡಬೇಕು! “ಕೊಟ್ಟಿದ್ದನ್ನ ಯಾರರ ಕಸ್ಕೋತಾರೇನ್ರಿ?” 1945ರ ಕೊನೆಗೆ ಚಿಪ್ಸ್ ತನ್ನ ಮನೆಗೆ ವಾಪಸ್ ಬಂತು, ಮುಂದಿನ ವರ್ಷ ತೀರಿಕೊಂಡಿತು. ಬ್ರಿಟನ್ ಪ್ರಾಣಿಗಳಿಗೆ ಕೊಡುವ ಡಿಕಿನ್ ಪದಕ ಅದಕ್ಕೆ ಸಂದದ್ದು 2018ರಲ್ಲಿ.

ನಮ್ಮ ಕಡೆ ಮಕ್ಕಳಿಗೆ ಈ ವಿಷಯ ತೀರಾ ದೂರದ್ದಲ್ಲ. ಮುಧೋಳ ಇಲ್ಲೇ ಇದೆ. ಸಣಕಲು ಮೈ, ಉದ್ದ ಕಾಲಿನ ಮುಧೋಳ ನಾಯಿ ಸಾಕುವ ಮನೆಯ ಮಕ್ಕಳು ನನ್ನ ತರಗತಿಯಲ್ಲೇ ಇದ್ದಾರೆ. 2016ರಲ್ಲಿ ನಮ್ಮ ಸೇನೆ ಮುಧೋಳ ನಾಯಿಗಳನ್ನು ಮೀರತ್‌ನ ತನ್ನ ಕೇಂದ್ರಕ್ಕೆ ತರಬೇತಿಗೆ ಒಯ್ದಿತು. ಈ ಮಾತು ಬಂದಾಗ ಅವರ ಎದೆ ಉಬ್ಬುತ್ತದೆ. ಒಬ್ಬ ಹುಡುಗ ಮಾತ್ರ ಸುಮ್ಮನೆ ಕೂತಿದ್ದ. ಯಾಕೋ ಅಂದೆ. “ನಮ್ಮ ರಾಜಾನ್ನ ಕೇಳಿದ್ರ ನಾ ಕೊಡಂಗಿಲ್ರಿ” ಅಂದ. ಕೊಡಬೇಕೋ ಬೇಡವೋ ಅಂತ ದೊಡ್ಡ ಚರ್ಚೆಯೇ ಆಯಿತು. ನಾನು ತೀರ್ಪು ಕೊಡಲಿಲ್ಲ. ಆ ಕಾಲದ ಅಮೆರಿಕನ್ ಮಕ್ಕಳೂ ಇದೇ ಸಂಕಟ ಪಟ್ಟವರು, ತಮ್ಮ ನಾಯಿ ಹೇಗಿದೆ ಅಂತ ಸೇನೆಗೆ ಪತ್ರ ಬರೆದು ಕೇಳಿದವರು ಅಂತ ಮಾತ್ರ ಹೇಳಿದೆ.

ಯುದ್ಧದ ಭಾಗ ಶುರುವಾಗುವ ಮುಂಚೆ ಭೂಗೋಳದ ಉಂಡೆ ತಿರುಗಿಸಿ ಅಲ್ಯೂಷಿಯನ್ ದ್ವೀಪಗಳನ್ನು ತೋರಿಸುತ್ತೇನೆ. ಅಲಾಸ್ಕಾದಿಂದ ರಷ್ಯಾ ಕಡೆ ಚಾಚಿಕೊಂಡ ಸಣ್ಣ ಸಣ್ಣ ಚುಕ್ಕೆಗಳು. 1942ರ ಜೂನ್‌ನಲ್ಲಿ ಜಪಾನ್ ಅಲ್ಲಿನ ಅಟ್ಟು, ಕಿಸ್ಕಾ ದ್ವೀಪಗಳನ್ನು ಹಿಡಿಯಿತು. ಅಟ್ಟುವನ್ನು ಬಿಡಿಸಿಕೊಳ್ಳಲು 1943ರ ಮೇ ತಿಂಗಳಲ್ಲಿ ಭಾರೀ ಕಾದಾಟ ನಡೆಯಿತು. ಸಿನಿಮಾ ಬಂದಾಗ ಯುದ್ಧ ಮುಗಿದು ಇನ್ನೂ ಸರಿಯಾಗಿ ಒಂದೂವರೆ ವರ್ಷವೂ ಆಗಿರಲಿಲ್ಲ. ಹಾಗಾಗಿ ಅದರಲ್ಲಿ ಜಪಾನಿಯರು ಬರೀ ಶತ್ರುಗಳು, ಅವರಿಗೆ ಮುಖವಿಲ್ಲ. ಇದನ್ನು ಹಾಗೇ ಬಿಡಲು ನನಗೆ ಮನಸ್ಸಾಗುವುದಿಲ್ಲ. ಜಪಾನಿನಲ್ಲೂ ಮಕ್ಕಳಿದ್ದರು, ಅವರ ಮನೆಯಲ್ಲೂ ನಾಯಿಗಳಿದ್ದವು ಅಂತ ಹೇಳುತ್ತೇನೆ. ಯುದ್ಧದ ಕೊನೆಕೊನೆಗೆ ಅಲ್ಲಿ ಮನೆ ನಾಯಿಗಳನ್ನು ಚರ್ಮಕ್ಕಾಗಿ ಸರ್ಕಾರಕ್ಕೆ ಒಪ್ಪಿಸಬೇಕಾಗಿ ಬಂತು ಅನ್ನುವುದನ್ನು ದೊಡ್ಡ ಮಕ್ಕಳಿಗೆ ಮಾತ್ರ ಹೇಳುತ್ತೇನೆ, ಅದೂ ಸಿನಿಮಾ ಮುಗಿದ ಮೇಲೆ.

ಕಾದಾಟದ ದೃಶ್ಯಗಳನ್ನು ಕತ್ತರಿಸುವುದಿಲ್ಲ. ಸೌಂಡ್ ಇಳಿಸುತ್ತೇನೆ, ಕಿಟಕಿ ಪರದೆ ಸ್ವಲ್ಪ ಸರಿಸಿ ಬೆಳಕು ಬರುವ ಹಾಗೆ ಮಾಡುತ್ತೇನೆ. ಪೂರ್ತಿ ಕತ್ತಲಲ್ಲಿ ಹೆದರಿಕೆ ಜಾಸ್ತಿ ಆಗುತ್ತದೆ. ಚಿಕ್ಕವರನ್ನು ಅಕ್ಕ, ಅಣ್ಣಂದಿರ ಪಕ್ಕ ಕೂರಿಸಿರುತ್ತೇನೆ.

ನನಗೆ ಈ ಸಿನಿಮಾದಲ್ಲಿ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು ಕೊನೆಯ ಭಾಗ. ಮಕ್ಕಳ ಸಿನಿಮಾಗಳಲ್ಲಿ ಸಾಮಾನ್ಯವಾಗಿ ನಾಯಿ ಮನೆಗೆ ಬಂದ ಕೂಡಲೇ ಕಥೆ ಮುಗಿಯುತ್ತದೆ. ಇಲ್ಲಿ ನಿಜವಾದ ಕಷ್ಟ ಆಗ ಶುರುವಾಗುತ್ತದೆ. ಬಂದಿರುವುದು ಅದೇ ಬಿಲ್, ಆದರೆ ಅದೇ ಬಿಲ್ ಅಲ್ಲ. ಮೊದಲ ಸಲ ಅದು ಹಲ್ಲು ಕಿರಿದಾಗ ಮಕ್ಕಳು ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಕುರಿ ಕಾಯುತ್ತಿದ್ದ ನಾಯಿ ಇದು ಅಂತ ಅವರಿಗೆ ಗೊತ್ತು. “ಅದು ಕೆಟ್ಟ ನಾಯಿ ಆತೇನ್ರಿ?” ಅಂತ ಒಬ್ಬಳು ಕೇಳಿದಳು. ನಾನು ಉತ್ತರ ಕೊಡುವ ಮುಂಚೆಯೇ ಹಿಂದಿನ ಸಾಲಿನಿಂದ ಇನ್ನೊಬ್ಬಳು ಹೇಳಿದಳು: “ಇಲ್ಲ, ಅದಕ್ಕ ಇನ್ನೂ ಅಲ್ಲೇ ಅದೀನಿ ಅನ್ನಿಸೇತಿ.” ಆ ಹುಡುಗಿಯ ಅಪ್ಪ ಸೈನ್ಯದಿಂದ ರಿಟೈರ್ ಆಗಿ ಬಂದವರು. ನಾನು ಹೆಚ್ಚು ಮಾತಾಡಲಿಲ್ಲ.

ಹಾಗಾದರೆ ಸೈನ್ಯದವರು ಅದಕ್ಕೆ ಮತ್ತೆ ಯಾಕೆ ಕಲಿಸಲಿಲ್ಲ ಅನ್ನುವ ಪ್ರಶ್ನೆಯೂ ಬರುತ್ತದೆ. ಒಳ್ಳೆಯ ಪ್ರಶ್ನೆ ಅದು, ಯಾಕೆಂದರೆ ನಿಜಕ್ಕೂ ಕಲಿಸುತ್ತಿದ್ದರು. ಯುದ್ಧ ಮುಗಿದ ಮೇಲೆ ಅಮೆರಿಕನ್ ಸೇನೆ ನಾಯಿಗಳನ್ನು ನೇರವಾಗಿ ಮನೆಗೆ ಕಳಿಸಲಿಲ್ಲ. ಎಲ್ಲ ಮನುಷ್ಯರೂ ಸ್ನೇಹಿತರೇ ಅನ್ನುವುದನ್ನು ಅವುಗಳಿಗೆ ಮತ್ತೆ ಕಲಿಸಬೇಕಿತ್ತು. ಒಬ್ಬನೇ ಸೈನಿಕನ ಮಾತು ಕೇಳುತ್ತಿದ್ದ ನಾಯಿಯನ್ನು ಬೇರೆ ಬೇರೆಯವರ ಕೈಗೆ ಕೊಟ್ಟು ರೂಢಿ ಮಾಡಿಸಿದರು, ಗದ್ದಲಕ್ಕೆ ಒಗ್ಗಿಸಿದರು, ಪರೀಕ್ಷೆ ಮಾಡಿದರು. ಆಮೇಲೆಯೇ ಮನೆಗೆ. ಬಿಲ್ ದಾರಿಯಲ್ಲೇ ತಪ್ಪಿಸಿಕೊಂಡಿತು, ಅದಕ್ಕೆ ಈ ಪಾಠ ಸಿಗಲಿಲ್ಲ. ಇದನ್ನು ಹೇಳಿದರೆ ಮಕ್ಕಳಿಗೆ ಕಥೆಯ ಗಂಟು ಬಿಡಿಸಿದ ಹಾಗಾಗುತ್ತದೆ. ಕ್ಯಾಥಿ ಒಬ್ಬಳೇ, ತನಗೆ ತಿಳಿದ ಹಾಗೆ, ಮಾಡಲು ಹೊರಟಿದ್ದು ಎಂಥ ದೊಡ್ಡ ಕೆಲಸ ಅಂತಲೂ ಅರ್ಥವಾಗುತ್ತದೆ.

ಸಿನಿಮಾ ಮುಗಿದ ಕೂಡಲೇ ‘ಇದರಿಂದ ಏನು ಕಲಿತಿರಿ’ ಅಂತ ಕೇಳುವ ಅಭ್ಯಾಸ ನಮ್ಮ ಶಾಲೆಗಳಲ್ಲಿದೆ. ನಾನು ಕೇಳುವುದಿಲ್ಲ. ಬದಲಿಗೆ ಒಂದು ಹಾಳೆ ಕೊಡುತ್ತೇನೆ. ಬಿಲ್ ಮನೆಗೆ ಬಂದ ಮೊದಲ ವಾರ ನೀವು ಕ್ಯಾಥಿ ಆಗಿದ್ದರೆ ಏನೇನು ಮಾಡುತ್ತಿದ್ದಿರಿ ಅಂತ ಬರೆಯಿರಿ ಅನ್ನುತ್ತೇನೆ. ಮಕ್ಕಳು ಬರೆದದ್ದು ನನಗೆ ಬಾಯಿಪಾಠ ಆಗಿದೆ. ದೀಪಾವಳಿಗೆ ಪಟಾಕಿ ಹೊಡೆಯಬೇಡಿ ಅಂತ ಓಣಿಯವರಿಗೆ ಹೇಳ್ತೀನಿ. ರೊಟ್ಟಿ ದೂರ ಇಟ್ಟು ಹಿಂದೆ ಸರಿದು ಕೂಡ್ತೀನಿ. ಕಟ್ಟಿ ಹಾಕಂಗಿಲ್ಲ, ಆದರೆ ಬಾಗಿಲು ಹಾಕಿರ್ತೀನಿ. ಕೋಲು ಕಾಣದ ಹಾಗೆ ಮುಚ್ಚಿಡ್ತೀನಿ. ಅದರ ಹೆಸರು ಹಗರ್ಕ ಕರೀತೀನಿ.

ಯಾವ ವಯಸ್ಸಿಗೆ ಅಂತ ಕೇಳುವವರಿಗೆ: ನಾಲ್ಕನೇ ಇಯತ್ತೆಯಿಂದ ಮೇಲೆ. ಅದಕ್ಕಿಂತ ಚಿಕ್ಕವರಿಗೆ ‘ಲ್ಯಾಸಿ ಕಮ್ ಹೋಮ್’ ಪರವಾಗಿಲ್ಲ, ಅದರಲ್ಲಿ ಯುದ್ಧ ಇಲ್ಲ, ಇಂಗ್ಲೆಂಡಿನ ಯಾರ್ಕ್‌ಷೈರಿನ ಬಡ ಮನೆಯೊಂದರ ಕಥೆ ಅದು. ಆದರೆ ಟೂಟ್ಸ್ ಅನ್ನುವ ಪುಟ್ಟ ನಾಯಿ ಅದರಲ್ಲಿ ಸಾಯುತ್ತದೆ, ಅದನ್ನು ಮೊದಲೇ ಹೇಳಿ. ಬಿಲ್ ಕಥೆ ಸುಮಾರು ಒಂದೂವರೆ ಗಂಟೆ ಇದೆ. ನಿಲ್ಲಿಸಿ ಮಾತಾಡುತ್ತಾ ತೋರಿಸಿದರೆ ಮೂರು ಗಂಟೆ ಬೇಕು. ಒಂದೇ ದಿನಕ್ಕೆ ಮುಗಿಸಿ. ಬಿಲ್ ಯುದ್ಧದಲ್ಲಿ ಇರುವಾಗ ನಿಲ್ಲಿಸಿ, ಉಳಿದದ್ದು ಮುಂದಿನ ಶನಿವಾರ ಅಂದರೆ ಮಕ್ಕಳು ಮನೆಗೆ ಹೋಗಲು ಒಪ್ಪುವುದಿಲ್ಲ.