ಗೇಟಿನ ಮುಂದಿನ ಹನ್ನೆರಡು ಅಡಿ

ದಾವಣಗೆರೆಯ ಎಂ.ಸಿ.ಸಿ. ಬಿ ಬ್ಲಾಕಿನಲ್ಲಿ ನಮ್ಮ ಮನೆ. ಬೀದಿಯ ತಿರುವಿನಲ್ಲಿ ಬೆಣ್ಣೆ ದೋಸೆಯ ಹೋಟೆಲು, ಅದರಾಚೆ ಒಂದು ಕಲ್ಯಾಣ ಮಂಟಪ. ನಮ್ಮ ಮಾವನವರಿಗೆ ವಾರಕ್ಕೆ ಮೂರು ದಿನ ಡಯಾಲಿಸಿಸ್ ಮಾಡಿಸಬೇಕು. ಆ ದಿನಗಳಲ್ಲಿ ಬೆಳಗ್ಗೆ ಏಳಕ್ಕೆಲ್ಲ ಕಾರು ಹೊರಗೆ ಬರಲೇಬೇಕು. ಆಸ್ಪತ್ರೆಯಲ್ಲಿ ನಮ್ಮ ಸರದಿ ತಪ್ಪಿದರೆ ಯಂತ್ರ ಬೇರೊಬ್ಬರಿಗೆ ಹೋಗುತ್ತದೆ, ನಾವು ಸಂಜೆಯವರೆಗೆ ಕಾಯಬೇಕು. ಹೀಗಿರುವಾಗ ಗೇಟಿಗೆ ಅಡ್ಡಲಾಗಿ ಯಾರದೋ ಕಾರು ನಿಂತಿದ್ದರೆ ಹೊಟ್ಟೆಯಲ್ಲಿ ಬೆಂಕಿ ಬೀಳುತ್ತದೆ. ಅದನ್ನು ನಾನು ಹೇಗೆ ಸರಿಪಡಿಸಿಕೊಂಡೆ ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಮಾಡಿದ ಕೆಲಸ, ನಮ್ಮದು ಎಷ್ಟು ಎಂದು ತಿಳಿದುಕೊಂಡದ್ದು. ಖಾತೆಯಲ್ಲಿರುವ ನಿವೇಶನದ ಅಳತೆ ಕಾಂಪೌಂಡಿಗೆ ಮುಗಿಯುತ್ತದೆ. ಚರಂಡಿ, ಅದರ ಮೇಲಿನ ಚಪ್ಪಡಿ, ರಸ್ತೆ ಎಲ್ಲವೂ ಸಾರ್ವಜನಿಕರದು. 'ನಮ್ಮ ಮನೆ ಮುಂದೆ ಗಾಡಿ ನಿಲ್ಲಿಸಬೇಡಿ' ಎಂದು ಜಗಳಕ್ಕೆ ನಿಲ್ಲುವವರು ಇದನ್ನು ಒಪ್ಪುವುದು ಕಷ್ಟ. ಆದರೆ ಕಾಂಪೌಂಡಿನ ಉದ್ದಕ್ಕೂ ಇರುವ ರಸ್ತೆ ಬೇರೆ, ಗೇಟಿನ ಬಾಯಿ ಬೇರೆ. ಮೊದಲನೆಯದರ ಮೇಲೆ ನಮಗೆ ಯಾವ ಹಕ್ಕೂ ಇಲ್ಲ. ಎರಡನೆಯದಕ್ಕೆ ಕಾನೂನಿನ ರಕ್ಷಣೆ ಇದೆ. 1989ರ ರಸ್ತೆ ನಿಯಮಗಳಲ್ಲಿ ವಾಹನ ನಿಲ್ಲಿಸಬಾರದ ಜಾಗಗಳ ಪಟ್ಟಿಯೇ ಇತ್ತು: ತಿರುವು, ಪಾದಚಾರಿ ಮಾರ್ಗ, ನಿಂತ ಇನ್ನೊಂದು ವಾಹನದ ಪಕ್ಕ, ಬಸ್ ನಿಲ್ದಾಣದ ಹತ್ತಿರ, ಶಾಲೆ ಮತ್ತು ಆಸ್ಪತ್ರೆಯ ಬಾಗಿಲು. ಅದೇ ಸಾಲಿನಲ್ಲಿ ಯಾವುದೇ ಕಟ್ಟಡದ ಆವರಣದ ಪ್ರವೇಶದ್ವಾರವನ್ನು ಅಡ್ಡಗಟ್ಟುವುದೂ ಸೇರಿತ್ತು. 2017ರಲ್ಲಿ ಅವುಗಳ ಜಾಗಕ್ಕೆ ಮೋಟಾರು ವಾಹನ ಚಾಲನಾ ನಿಯಮಗಳು ಬಂದವು. ಇವೆರಡಕ್ಕೂ ಮೇಲೆ 1988ರ ಮೋಟಾರು ವಾಹನ ಕಾಯ್ದೆಯ 122ನೇ ಕಲಂ ಇದೆ: ಸಾರ್ವಜನಿಕ ಸ್ಥಳದಲ್ಲಿ ಇತರರಿಗೆ ಅಪಾಯ, ಅಡ್ಡಿ ಅಥವಾ ಅನಗತ್ಯ ತೊಂದರೆಯಾಗುವಂತೆ ವಾಹನ ಬಿಟ್ಟುಹೋಗುವಂತಿಲ್ಲ.

ನಮ್ಮ ಗೇಟು ಹನ್ನೆರಡು ಅಡಿ. ಕಾಂಪೌಂಡು ನಲವತ್ತು. ಉಳಿದ ಇಪ್ಪತ್ತೆಂಟು ಅಡಿಯಲ್ಲಿ ಯಾರಾದರೂ ಕಾರು ನಿಲ್ಲಿಸಿದರೆ, ಅಲ್ಲಿ ಬೇರೆ ಯಾವ ನಿಷೇಧವೂ ಇಲ್ಲದಿದ್ದರೆ, ನಾನು ಮಾತಾಡುವುದಿಲ್ಲ. ಇದು ಔದಾರ್ಯವಲ್ಲ, ಅದು ಅವರ ಹಕ್ಕು. ಹನ್ನೆರಡು ಅಡಿಗೆ ಮಾತ್ರ ನಾನು ಗಟ್ಟಿಯಾಗಿ ನಿಲ್ಲುತ್ತೇನೆ.

ನಮ್ಮದೇ ಗೇಟಿಗೆ ಅಡ್ಡಲಾಗಿ ನಮ್ಮದೇ ಕಾರು ನಿಲ್ಲಿಸಬಹುದೇ? ಬೆಂಗಳೂರಿನಿಂದ ರಜೆಗೆ ಬರುವ ಮಗ ಇದನ್ನೇ ಕೇಳಿದ. 'ಅಮ್ಮ, ತೊಂದರೆ ಆಗುವುದಾದರೆ ನಮಗೇ ತಾನೆ?' ಎಂಬುದು ಅವನ ವಾದ. ಪ್ರವೇಶದ್ವಾರವನ್ನು ಅಡ್ಡಗಟ್ಟಬಾರದು ಎಂದ 1989ರ ನಿಯಮ ಮನೆಯ ಮಾಲೀಕನಿಗೆ ವಿನಾಯಿತಿ ಎಂದು ಬರೆದಿರಲಿಲ್ಲ. ಮನೆಯವರೇ ದೂರು ಕೊಡದಿದ್ದಾಗ ಯಾರೂ ಬಂದು ಕೇಳುವುದಿಲ್ಲ ಎಂಬುದು ನಿಜ. ಆದರೆ ನಮ್ಮ ಬೀದಿ ಕಿರಿದು. ಎದುರು ಮನೆಯ ಮುಂದೆ ಒಂದು ವಾಹನ ನಿಂತು, ಇತ್ತ ನಮ್ಮದೂ ನಿಂತರೆ ನಡುವೆ ಆಂಬುಲೆನ್ಸ್ ಬರಲು ದಾರಿ ಉಳಿಯುವುದಿಲ್ಲ. ಚಕ್ರ ಚಪ್ಪಡಿಯ ಮೇಲೇರಿದರೆ ನಡೆದು ಹೋಗುವವರು ರಸ್ತೆಗಿಳಿಯಬೇಕಾಗುತ್ತದೆ. ಇನ್ನೂ ಒಂದು ಮಾತಿದೆ. ಗೇಟಿನ ಮುಂದೆ ದಿನವಿಡೀ ಒಂದು ಕಾರು ನಿಂತಿರುವುದನ್ನು ಕಂಡ ಜನ ಅದನ್ನು ಪಾರ್ಕಿಂಗ್ ಜಾಗವೆಂದೇ ಭಾವಿಸುತ್ತಾರೆ. ಅದು ಸರಿದ ಕೂಡಲೇ ಇನ್ನೊಬ್ಬರು ಬಂದು ನಿಲ್ಲಿಸುತ್ತಾರೆ. ಈಗ ಮಗನ ಕಾರು ಕಾಂಪೌಂಡಿನ ಪಕ್ಕದಲ್ಲಿ, ಉಳಿದವರ ಗಾಡಿಗಳ ಸಾಲಿನಲ್ಲೇ ನಿಲ್ಲುತ್ತದೆ. ಅಲ್ಲಿ ಜಾಗ ಸಿಗದಿದ್ದರೆ ಮುಂದಿನ ಅಡ್ಡರಸ್ತೆಯಲ್ಲಿ.

ದೂರು ಬರೆಯುವ ಮೊದಲು ನಮ್ಮ ಮನೆಯ ಮುಂಭಾಗವನ್ನು ಸರಿಮಾಡಿಸಿದೆವು. ಮನೆ ಕಟ್ಟಿಸಿದ ಕಾಲದ ಇಳಿಜಾರು, ಚರಂಡಿಯ ಚಪ್ಪಡಿ ದಾಟಿ ರಸ್ತೆಯೊಳಕ್ಕೆ ಚಾಚಿತ್ತು. ಮೇಸ್ತ್ರಿಯನ್ನು ಕರೆಸಿ ಅದನ್ನು ಚರಂಡಿಯ ಅಂಚಿಗೆ ಕತ್ತರಿಸಿದೆವು. ಬೀದಿಯಲ್ಲಿ ಹಲವು ಮನೆಗಳವರು ಸುಣ್ಣ ಬಳಿದ ಕಲ್ಲು, ಹೂವಿನ ಕುಂಡ, ಕಬ್ಬಿಣದ ಸರಪಳಿ ಇಟ್ಟು ಜಾಗ ಕಾಯ್ದಿರಿಸುತ್ತಾರೆ. ಇದು ರಸ್ತೆಯ ಒತ್ತುವರಿ. ಪಾಲಿಕೆಯವರು ತೆರವು ಮಾಡಬಹುದು. ಸಾರ್ವಜನಿಕ ದಾರಿಗೆ ಅಡ್ಡಿಪಡಿಸಿದವರಿಗೆ ಭಾರತೀಯ ನ್ಯಾಯ ಸಂಹಿತೆಯ 285ನೇ ಕಲಮಿನಡಿ 5,000 ರೂಪಾಯಿವರೆಗೆ ದಂಡವೂ ಇದೆ. ರಾತ್ರಿ ಸ್ಕೂಟರಿನಲ್ಲಿ ಬರುವವರು ಈ ಕಲ್ಲುಗಳಿಗೆ ಬಡಿದು ಬೀಳುವ ಭಯ ನನಗೆ ಯಾವಾಗಲೂ ಇದೆ. 'ಇಲ್ಲಿ ನಿಲ್ಲಿಸಿದರೆ ಗಾಳಿ ತೆಗೆಯಲಾಗುವುದು' ಎಂಬ ಫಲಕಗಳೂ ಬೇಡ. ಬೇರೆಯವರ ವಾಹನಕ್ಕೆ ಬೇಕೆಂದೇ ಹಾನಿ ಮಾಡುವುದು ಅದೇ ಸಂಹಿತೆಯ 324ನೇ ಕಲಮಿನಡಿ ಅಪರಾಧ, ಆರು ತಿಂಗಳವರೆಗೆ ಸಜೆಯಾಗಬಹುದು. ಗೇಟಿಗೆ ಅಡ್ಡ ನಿಲ್ಲಿಸಿದವನು ದಂಡ ಕಟ್ಟಿ ಹೋಗುತ್ತಾನೆ, ಗಾಳಿ ತೆಗೆದವರು ಠಾಣೆ ಹತ್ತಬೇಕಾಗುತ್ತದೆ.

ನಮ್ಮ ಗೇಟಿನ ಮೇಲೆ ಈಗ ಇರುವುದು ಇಷ್ಟೇ: 'ಗೇಟಿನ ಮುಂದೆ ವಾಹನ ನಿಲ್ಲಿಸಬೇಡಿ. ರೋಗಿಯನ್ನು ಆಸ್ಪತ್ರೆಗೆ ಕರೆದೊಯ್ಯುವ ದಾರಿ.' ಕೆಳಗೆ ನಮ್ಮ ಮೊಬೈಲ್ ಸಂಖ್ಯೆ. ಮನೆಯವರು ಬರೆಸಿ ಹಾಕಿದ ಇಂಥ ಫಲಕಕ್ಕೆ ಅದರದ್ದೇ ಆದ ಕಾನೂನಿನ ಬಲವಿಲ್ಲ, ಬಲವಿರುವುದು ನಿಯಮಕ್ಕೆ. ಆದರೂ ಕಾರಣ ಬರೆದ ಫಲಕವನ್ನು ಜನ ಓದುತ್ತಾರೆ, ಓದಿದವರಲ್ಲಿ ಹೆಚ್ಚಿನವರು ಮುಂದೆ ಸರಿದು ನಿಲ್ಲಿಸುತ್ತಾರೆ.

ನಂತರ ಸಂಚಾರ ಠಾಣೆಗೆ ಲಿಖಿತ ಮನವಿ ಕೊಟ್ಟೆ. 'ಮನೆ ಮುಂದೆ ಪಾರ್ಕಿಂಗ್ ಕಾಟ' ಎಂದು ಬರೆದರೆ ಅದು ನೆರೆಹೊರೆಯ ಜಗಳವಾಗಿ ಕಾಣುತ್ತದೆ. 'ವಾಸದ ಮನೆಯ ಪ್ರವೇಶದ್ವಾರಕ್ಕೆ ಅಡ್ಡಲಾಗಿ ವಾಹನ ನಿಲುಗಡೆ, ಮೋಟಾರು ವಾಹನ ಕಾಯ್ದೆ ಕಲಂ 122ರ ಉಲ್ಲಂಘನೆ' ಎಂದು ವಿಷಯದ ಸಾಲಿನಲ್ಲೇ ಬರೆದೆ. ಗೇಟಿನ ಎರಡೂ ಕಂಬಗಳು, ವಾಹನದ ನೋಂದಣಿ ಸಂಖ್ಯೆ ಒಂದೇ ಚೌಕಟ್ಟಿನಲ್ಲಿ ಕಾಣುವಂತೆ ತೆಗೆದ ಫೋಟೋಗಳನ್ನು ಲಗತ್ತಿಸಿದೆ. ಬರೀ ನಂಬರ್ ಪ್ಲೇಟಿನ ಫೋಟೋದಿಂದ ಏನೂ ಸಾಬೀತಾಗುವುದಿಲ್ಲ. ಮಾವನವರ ಚಿಕಿತ್ಸಾ ಚೀಟಿಯ ಪ್ರತಿಯನ್ನೂ ಇಟ್ಟೆ. ಇನ್ನೊಂದು ಪ್ರತಿಯ ಮೇಲೆ ಮೊಹರು ಹಾಕಿಸಿಕೊಂಡು ಬಂದೆ, ಅದಿಲ್ಲದೆ ಯಾವ ಕಚೇರಿಯಿಂದಲೂ ಹೊರಗೆ ಬರಬಾರದು. ತಿರುವಿನಲ್ಲಿ ಅಧಿಕೃತವಾಗಿ ನಿಲುಗಡೆ ನಿಷೇಧದ ಫಲಕ ಬೇಕೆಂದರೆ ಅದು ಠಾಣೆಯಿಂದ ಆಗುವುದಿಲ್ಲ, ಪೊಲೀಸರ ವರದಿಯ ಮೇಲೆ ಜಿಲ್ಲಾಧಿಕಾರಿಯವರ ಅಧಿಸೂಚನೆ ಆಗಬೇಕು. ಅದಕ್ಕೆ ಬೀದಿಯ ಎಲ್ಲ ಮನೆಯವರ ಸಹಿಯೊಂದಿಗೆ ಬೇರೆ ಮನವಿ ಕೊಟ್ಟಿದ್ದೇವೆ. ಆ ಕಡತ ಇನ್ನೂ ನಡೆಯುತ್ತಿದೆ.

ಇಷ್ಟೆಲ್ಲ ಆದರೂ ದಿನನಿತ್ಯದ ನೆಮ್ಮದಿ ಬಂದದ್ದು ಹೋಟೆಲಿನವರಿಂದ. ಬೆಣ್ಣೆ ದೋಸೆ ಕಾವಲಿಯ ಮೇಲೆ ನಿಧಾನವಾಗಿ ಬೇಯುವಂಥದ್ದು. 'ಎರಡೇ ನಿಮಿಷ' ಎಂದು ಗೇಟಿಗೆ ಕಾರು ಅಡ್ಡವಿಟ್ಟು ಹೋದವರು ಸರದಿಗೆ ಕಾದು, ಖಾಲಿ ದೋಸೆಯನ್ನೂ ತಿಂದು, ಚಹಾ ಮುಗಿಸಿಯೇ ಬರುವುದು. ಮಾಲೀಕರ ಬಳಿ ಜನಸಂದಣಿ ಇಲ್ಲದ ಮಧ್ಯಾಹ್ನ ಹೋಗಿ ಕುಳಿತು ವಿಷಯ ಹೇಳಿದೆ. 'ಅಕ್ಕ, ಅಜ್ಜನವರಿಗೆ ಹೀಗಿದೆ ಎಂದು ಯಾರೂ ಹೇಳಿರಲಿಲ್ಲ' ಎಂದರು. ಮರುದಿನದಿಂದ ಬೆಳಗಿನ ಹೊತ್ತು ಅವರ ಹುಡುಗನೊಬ್ಬ ರಸ್ತೆಯಲ್ಲಿ ನಿಂತು ಗಾಡಿಗಳನ್ನು ಮುಂದಕ್ಕೆ ಕಳಿಸತೊಡಗಿದ. ಕಲ್ಯಾಣ ಮಂಟಪದ ವ್ಯವಸ್ಥಾಪಕರು ಅಷ್ಟು ಸುಲಭವಾಗಿ ಒಪ್ಪಲಿಲ್ಲ. ಮದುವೆಗೆ ಬರುವವರನ್ನು ನಾವು ತಡೆಯಲಾಗದು ಎಂದೇ ಹೇಳಿದರು. ಮೊಹರು ಹಾಕಿದ ಮನವಿಯ ಪ್ರತಿಯನ್ನು ಅವರಿಗೂ ಕೊಟ್ಟೆ. ಮುಹೂರ್ತದ ದಿನಗಳಲ್ಲಿ ಈಗ ಧ್ವನಿವರ್ಧಕದಲ್ಲಿ ಗಾಡಿಯ ಸಂಖ್ಯೆ ಕೂಗಿಸುತ್ತಾರೆ, ಅಷ್ಟಾದರೂ ಆಯಿತು.

ಆದರೂ ಯಾರಾದರೂ ಅಡ್ಡ ನಿಲ್ಲಿಸಿದರೆ ನಾನು ಮಾಡುವ ಕ್ರಮ ಹೀಗಿದೆ. ಫೋಟೋ ತೆಗೆಯುತ್ತೇನೆ. ಹೋಟೆಲಿನಲ್ಲೋ ಮಂಟಪದಲ್ಲೋ ಕೂಗಿಸುತ್ತೇನೆ. ಯಾರೂ ಬಾರದಿದ್ದರೆ ಸಂಚಾರ ಠಾಣೆಗೆ ಕರೆ, ಆಸ್ಪತ್ರೆಗೆ ಹೊರಡುವ ಹೊತ್ತಾಗಿದ್ದರೆ ನೇರವಾಗಿ 112. ನಿಷೇಧಿತ ಜಾಗದಲ್ಲಿ ನಿಲ್ಲಿಸಿದ ವಾಹನವನ್ನು ಎಳೆದೊಯ್ಯಿಸಲು ಅಥವಾ ಚಕ್ರಕ್ಕೆ ಬೀಗ ಹಾಕಿಸಲು ಕಾಯ್ದೆಯ 127ನೇ ಕಲಮಿನಡಿ ಸಮವಸ್ತ್ರದಲ್ಲಿರುವ ಪೊಲೀಸ್ ಅಧಿಕಾರಿಗೆ ಅಧಿಕಾರವಿದೆ. ಎಳೆದೊಯ್ದ ಖರ್ಚನ್ನು ವಾಹನದ ಮಾಲೀಕನೇ ದಂಡದ ಜೊತೆಗೆ ಕಟ್ಟಬೇಕು. ವಾಹನವನ್ನು ನಾವೇ ತಳ್ಳಿಸುವುದಾಗಲಿ ಕ್ರೇನ್ ತರಿಸುವುದಾಗಲಿ ಬೇಡ, ಒಂದು ಗೀರು ಬಿದ್ದರೂ ಮಾತು ತಿರುಗುತ್ತದೆ. ಚಾಲಕ ಬಂದಾಗ ನಾನು ಬೈಯುವುದಿಲ್ಲ. ಮಾವನವರು ಕಾರಿನೊಳಗೆ ಕುಳಿತಿರುವುದನ್ನು ತೋರಿಸುತ್ತೇನೆ, ಫೋಟೋ ಠಾಣೆಗೆ ಹೋಗಿದೆ ಎಂದೂ ಹೇಳುತ್ತೇನೆ.

ಹೋಟೆಲಿನಲ್ಲಿ ಹುಡುಗ ಬದಲಾದಾಗಲೆಲ್ಲ ಹೊಸಬನಿಗೆ ಗೇಟು ತೋರಿಸಿ, ಡಯಾಲಿಸಿಸ್‌ನ ದಿನಗಳನ್ನು ತಿಳಿಸಿ ಬರುತ್ತೇನೆ. ದ್ವಿಚಕ್ರ ವಾಹನಗಳಿಗೂ ನಿಯಮ ಇದೇ ಎಂಬುದನ್ನು ಅವನಿಗೆ ಬೇರೆಯಾಗಿ ಹೇಳಬೇಕಾಗುತ್ತದೆ, ಬೈಕಿಗೇನು ಎಂದು ಬಿಟ್ಟುಬಿಡುತ್ತಾರೆ. ಹ್ಯಾಂಡಲ್ ಬೀಗ ಹಾಕಿದ ಬೈಕು ಅಡ್ಡ ನಿಂತರೂ ಕಾರು ಹೊರಗೆ ಬರುವುದಿಲ್ಲ.