ಹಳೇ ಲೈಸೆನ್ಸಿಗೆ ಒಂದೇ ಬಿಡ್: ನನ್ನ ಅನುಭವ

ನಮ್ಮ ಡಿಟಿಪಿ ಅಂಗಡಿಯ ನಾಲ್ಕು ಮಷಿನ್‌ಗಳಲ್ಲಿ ಈಗ ಒಂದೇ ಒಂದು ಕ್ರ್ಯಾಕ್ ಸಾಫ್ಟ್‌ವೇರ್ ಇಲ್ಲ. ಶಿರಸಿಯಲ್ಲಿ ಇದನ್ನು ಹೇಳಿದರೆ ನಗುತ್ತಾರೆ. 'ಇಪ್ಪತ್ತು ರೂಪಾಯಿ ಸಿಡಿಯಲ್ಲಿ ಆಗುವ ಕೆಲಸಕ್ಕೆ ಹರಾಜಂತೆ' ಎಂದು ಬಸ್ ಸ್ಟ್ಯಾಂಡ್ ಹತ್ತಿರದ ಅಂಗಡಿಯವ ಐದು ವರ್ಷ ಹೇಳಿದ. ಈಗ ಅವನೇ ಬಂದು, ಹೇಗೆ ಮಾಡಿದೆ ಮಾರಾಯ ಅಂತ ಕೇಳುತ್ತಾನೆ. ಬೇರೆಯವರು ಬಳಸಿ ಬಿಟ್ಟ ಸಾಫ್ಟ್‌ವೇರ್ ಲೈಸೆನ್ಸುಗಳನ್ನು ಆನ್‌ಲೈನ್ ಹರಾಜಿನಲ್ಲಿ ಬಿಡ್ ಹಾಕಿ ಕೊಂಡೆ, ಅಷ್ಟೇ. ಅವನಿಗೆ ಹೇಳಿದಷ್ಟನ್ನೇ ಇಲ್ಲೂ ಬರೆಯುತ್ತೇನೆ.

ಲೆಕ್ಕ ಮೊದಲು ಹೇಳಿಬಿಡುತ್ತೇನೆ. ನಾಲ್ಕು ಮಷಿನ್‌ಗೆ ಸುಮಾರು 38 ಸಾವಿರ ಆಯಿತು. ಇದರ ಮೇಲೆ ನೀರಿಗೆ ಹೋದದ್ದು ಹತ್ತಿರ ಹತ್ತಿರ 11 ಸಾವಿರ. ಕಾರ್ಡಿನವರು ಪ್ರತಿ ಸಲ ನೂರಕ್ಕೆ ಮೂರೂವರೆ ತಿಂದರು. ಆದರೂ ನಾಲ್ಕು ಮಷಿನ್‌ಗೆ ತಿಂಗಳ ಬಾಡಿಗೆ ಕಟ್ಟಿದ್ದರೆ ಈ ದುಡ್ಡು ಒಂದು ವರ್ಷವೂ ಬಾಳುತ್ತಿರಲಿಲ್ಲ. ಫೋಟೋಶಾಪ್ ಮಾಡುವ ಅಡೋಬಿ ಕಂಪನಿಯವರು 2013ರಲ್ಲಿ ಬಾಡಿಗೆ ಪದ್ಧತಿಗೆ ಹೋದರು. ಶಾಶ್ವತವಾಗಿ ಕೊಳ್ಳಬಹುದಾಗಿದ್ದ ಕೊನೆಯದು 2012ರ ಸಿಎಸ್ 6, ಅಂದರೆ ಅವರ ಕ್ರಿಯೇಟಿವ್ ಸೂಟ್‌ನ ಆರನೇ ಆವೃತ್ತಿ. ನಮ್ಮಂಥವರು ಇನ್ನೂ ಅದರ ಹಿಂದೆ ಬೀಳುವುದಕ್ಕೆ ಇನ್ನೊಂದು ಕಾರಣ ಇದೆ. ಅದರಲ್ಲಿರುವ ಪುಟ ಜೋಡಿಸುವ ಸಾಫ್ಟ್‌ವೇರ್ ಇನ್‌ಡಿಸೈನ್‌ನಲ್ಲಿ ಯೂನಿಕೋಡ್ ಕನ್ನಡ ಒಡೆಯದೆ ಕೂರುತ್ತದೆ. ಹಳೇ ಪೇಜ್‌ಮೇಕರ್‌ನಲ್ಲಿ ನುಡಿ ಫಾಂಟ್ ಹಾಕಿ ಒತ್ತಕ್ಷರ ತಿದ್ದಿ ಸುಸ್ತಾದವರಿಗೆ ಇದರ ಬೆಲೆ ಗೊತ್ತು.

ಮೊದಲ ಸೋಲು ನನ್ನದೇ ಆಸೆಯಿಂದ ಆದದ್ದು. ಒಬ್ಬ 25 ಮಷಿನ್‌ಗೆ ಒಟ್ಟಿಗೆ ಕೊಡುವ ವಾಲ್ಯೂಮ್ ಲೈಸೆನ್ಸನ್ನು ಬಿಡಿಬಿಡಿಯಾಗಿ ಹರಾಜಿಗಿಟ್ಟಿದ್ದ. ಸುಮಾರು 2,800 ರೂಪಾಯಿಗೆ ನನಗೆ ಬಿತ್ತು. ಮೂರು ವಾರಕ್ಕೆ ಕೀ, ಅಂದರೆ ಸಾಫ್ಟ್‌ವೇರ್ ತೆರೆಯುವ ನಂಬರು, ಸತ್ತಿತು. ಅದೇ ಕೀಯನ್ನು ಅವನು ಇನ್ನೆಷ್ಟು ಜನರಿಗೆ ಕೊಟ್ಟಿದ್ದನೋ. ದೂರು ಕೊಡಲು ಹೊರಟವನು ಕೊಡಲಿಲ್ಲ. ಯಾಕೆ ಅಂದರೆ ಬಿಡ್ ಹಾಕುವಾಗಲೇ ನನಗೆ ಅನುಮಾನ ಇತ್ತು. ಯುರೋಪಿನ ಕೋರ್ಟು 2012ರಲ್ಲಿ ಸಾಫ್ಟ್‌ವೇರ್ ಕಂಪನಿ ಒರಾಕಲ್ ಮತ್ತು ಹಳೇ ಲೈಸೆನ್ಸ್ ಮಾರುವ ಯೂಸ್ಡ್‌ಸಾಫ್ಟ್ ನಡುವಿನ ಕೇಸಿನಲ್ಲಿ ಹೇಳಿದ್ದೇ ಇದನ್ನು: ಶಾಶ್ವತ ಲೈಸೆನ್ಸನ್ನು ಮಾರಬಹುದು, ಆದರೆ ಮಾರುವವನು ತನ್ನ ಕಾಪಿಯನ್ನು ಬಳಸಲಾಗದಂತೆ ಮಾಡಬೇಕು, ಗುಂಪು ಲೈಸೆನ್ಸನ್ನು ಒಡೆದು ಮಾರುವಂತಿಲ್ಲ. ನಾನು ಇದನ್ನು ಓದಿದ್ದೆ. ಓದಿಯೂ ಹಾಕಿದೆ. ಕದ್ದ ಅಡಿಕೆ ಅಂತ ಗೊತ್ತಿದ್ದೂ ಕೊಂಡ ಹಾಗೆ.

ಅಮೆರಿಕದಿಂದ ತರಿಸುವುದನ್ನು ಬಿಟ್ಟಿದ್ದೇನೆ. ಅಲ್ಲಿ ವರ್ನರ್ ಎಂಬುವವರು ನಕ್ಷೆ ಬರೆಯುವ ಹಳೇ ಆಟೋಕ್ಯಾಡ್ ಸಾಫ್ಟ್‌ವೇರ್ ಪೆಟ್ಟಿಗೆಗಳನ್ನು ಇಬೇ ಹರಾಜು ತಾಣದಲ್ಲಿ ಮಾರಲು ಹೋಗಿ ಕೇಸಾಯಿತು. 2010ರಲ್ಲಿ ಮೇಲಿನ ಕೋರ್ಟು ತೀರ್ಪು ಕೊಟ್ಟಿದ್ದು ಅದನ್ನು ಮಾಡುವ ಆಟೋಡೆಸ್ಕ್ ಕಂಪನಿ ಪರ. ಹಾಗಂತ ಯುರೋಪಿನ ತೀರ್ಪು ಶಿರಸಿಗೆ ಬಂದು ನನ್ನನ್ನು ಕಾಯುವುದಿಲ್ಲ. ಅದಕ್ಕೇ, ಹೆಸರು ವರ್ಗಾಯಿಸಿಕೊಡಲು ಕಂಪನಿ ಒಪ್ಪುವ ಲೈಸೆನ್ಸಿಗೆ ಮಾತ್ರ ಬಿಡ್ ಹಾಕುತ್ತೇನೆ. ಹಾಕುವ ಮೊದಲು ಮಾರುವವರಿಗೆ ಮೂರು ಪ್ರಶ್ನೆ ಕಳಿಸುತ್ತೇನೆ. ಎರಡು ನಿಮಗೆ ಗೊತ್ತಿದ್ದದ್ದೇ: ಮೂಲ ಬಿಲ್ ಇದೆಯಾ, ನಿಮ್ಮ ಮಷಿನ್‌ನಿಂದ ತೆಗೆದಿದ್ದಕ್ಕೆ ಸಹಿ ಹಾಕಿ ಕೊಡುತ್ತೀರಾ. ಮೂರನೆಯದು ನನ್ನ ಹೊಟ್ಟೆಪಾಡು, ಅದನ್ನು ಹೇಳುವುದಿಲ್ಲ.

ಬಿಡ್ ಹಾಕುವ ಕ್ರಮಕ್ಕೆ ಬಂದರೆ, ಶುರುವಿನಲ್ಲಿ ನಾನೂ ಹರಾಜು ಮುಗಿಯುವ ಕೊನೇ ಐದು ಸೆಕೆಂಡಿನಲ್ಲಿ ಬಿಡ್ ಹಾಕುವ ಗಿರಾಕಿಯೇ. ಹಾಗೆ ಹಾಕುವುದು ಅನ್ಯಾಯ ಅನ್ನುವವರಿದ್ದಾರೆ, ನನಗೆ ಹಾಗೆ ಅನ್ನಿಸುವುದಿಲ್ಲ. ಗರಿಷ್ಠ ಎಷ್ಟು ಅಂತ ಮೊದಲೇ ಬರೆದಿಡಲು ಎಲ್ಲರಿಗೂ ವಾರ ಸಮಯ ಇರುತ್ತದೆ, ಅಲ್ವಾ. ನನ್ನನ್ನು ಬಿಡಿಸಿದ್ದು ನೀತಿ ಅಲ್ಲ, ಆಷಾಢದ ಮಳೆ. ಯುರೋಪಿನ ಸಂಜೆ ಅಂದರೆ ನಮಗೆ ನಡುರಾತ್ರಿ. ಹನ್ನೆರಡೂವರೆವರೆಗೆ ಕಣ್ಣು ಬಿಟ್ಟುಕೊಂಡು ಕೂತರೆ ಕೊನೇ ನಿಮಿಷಕ್ಕೆ ಕರೆಂಟು ಹೋಗುತ್ತಿತ್ತು, ಅದರ ಹಿಂದೆಯೇ ಟವರು. ಒಂದೇ ಮಳೆಗಾಲದಲ್ಲಿ ಮೂರು ಹರಾಜು ಕೈ ತಪ್ಪಿದವು. ಆಮೇಲೆ ಒಂದೇ ಸಲ ನನ್ನ ನಿಜವಾದ ಗರಿಷ್ಠ ಹಾಕಿ ಮಲಗಲು ಶುರು ಮಾಡಿದೆ. ಎದುರಾಳಿ ಏರಿಸಿದಷ್ಟಕ್ಕೆ ಮಾತ್ರ ಯಂತ್ರ ನನ್ನದನ್ನು ಏರಿಸುತ್ತದೆ. ಹಟಕ್ಕೆ ಬಿದ್ದು ಜಾಸ್ತಿ ಕೊಟ್ಟದ್ದು ಅಂದಿನಿಂದ ಇಲ್ಲವೇ ಇಲ್ಲ.

ಇದರ ಮಧ್ಯೆ ಸುಮ್ನೆ ಒಂದು ಪ್ರಯೋಗ ಮಾಡಿದೆ. ಅಂಗಡಿಯ ಹಳೇ ಸ್ಕ್ಯಾನರ್ ಮಾರುವುದಿತ್ತು, ಐವರು ಬಂದಿದ್ದರು. ಮೊದಲು ಬಾಯಲ್ಲಿ ಕೂಗಿಸಿದೆ, 1,450ಕ್ಕೆ ನಿಂತಿತು. ಆಮೇಲೆ ಅಡಿಕೆ ಟೆಂಡರಿನ ಹಾಗೆ ಚೀಟಿ ಬರೆಸಿದೆ. ಒಬ್ಬ 1,900 ಬರೆದ. ಬಾಯಲ್ಲಿ ಅವನು ಸಾವಿರವನ್ನೂ ದಾಟಿರಲಿಲ್ಲ. ಎರಡನೆಯವ 1,500 ಬರೆದದ್ದು ಗೊತ್ತಾದ ಮೇಲೆ, ನಾಲ್ಕು ನೂರು ವಾಪಸ್ ಕೊಡು ಅಂತ ಎರಡು ವಾರ ನನ್ನ ಬೆನ್ನು ಬಿದ್ದಿದ್ದ.

ಈಗ ಹೇಳಲು ಹಿಂಜರಿಯುವ ವಿಷಯ. ಕುಮಟೆಯಲ್ಲಿ ನನ್ನಂಥದೇ ಅಂಗಡಿಯ ಒಬ್ಬ ಗೆಳೆಯ ಇದ್ದಾನೆ. ಜರ್ಮನಿಯಲ್ಲಿ ಮುಚ್ಚುತ್ತಿದ್ದ ಒಂದು ಸಣ್ಣ ಪ್ರೆಸ್ಸಿನವರು ಮೂರು ಸಾಫ್ಟ್‌ವೇರ್ ಪೆಟ್ಟಿಗೆ ಹರಾಜಿಗಿಟ್ಟರು. ಬೇರೆ ಯಾರೂ ಕಾಣಲಿಲ್ಲ. ಎರಡು ನಿನಗೆ, ಒಂದು ನನಗೆ, ಒಬ್ಬರ ಮೇಲೊಬ್ಬರು ಹಾಕುವುದು ಬೇಡ ಅಂತ ಫೋನಿನಲ್ಲೇ ಮಾತಾಯಿತು. 60-70 ಯೂರೋ ಆಗುವುದು 22ಕ್ಕೆ ಮುಗಿಯಿತು. ಹಬ್ಬ! ಮಾರಿದವರು ಒಂದು ಮಾತೂ ಆಡಲಿಲ್ಲ. ಬಿಲ್ಲಿನ ಪ್ರತಿ, ಸಹಿ ಹಾಕಿದ ಕಾಗದ ಎಲ್ಲ ಇಟ್ಟು ನೀಟಾಗಿ ಪ್ಯಾಕ್ ಮಾಡಿ ಕಳಿಸಿದರು.

ಪಾರ್ಸಲ್ ಬಂದ ವಾರವೇ ನಮ್ಮ ಮನೆಯ ನಾಲ್ಕು ಕ್ವಿಂಟಲ್ ಚಾಲಿ ಅಡಿಕೆ ಮಾರಾಟದ ಯಾರ್ಡಿಗೆ ಹೋಗಿತ್ತು. ದರ ನಾನು ಅಂದುಕೊಂಡದ್ದಕ್ಕಿಂತ ಎರಡು ಸಾವಿರ ಕಮ್ಮಿ ಬಿತ್ತು. ಇಬ್ಬರು ಖರೀದಿದಾರರು ಒಟ್ಟಿಗೆ ಚಹಾ ಕುಡಿಯುತ್ತಿದ್ದರು. ಮೊದಲೇ ಮಾತಾಡಿಕೊಂಡಿದ್ದಾರೆ ಅಂತ ಮನಸ್ಸಿನಲ್ಲೇ ಬೈದೆ. ಅದಕ್ಕೆ ನನ್ನ ಹತ್ತಿರ ಯಾವ ಪುರಾವೆಯೂ ಇರಲಿಲ್ಲ, ಚಹಾ ಎಲ್ಲರೂ ಕುಡಿಯುತ್ತಾರೆ. ಆದರೆ ಊರ ಬಸ್ಸಿನಲ್ಲಿ ಕೂತಾಗ ಆ ಜರ್ಮನಿಯವರ ಪ್ಯಾಕಿಂಗ್ ನೆನಪಾಯಿತು. ನನ್ನ ವಿಷಯದಲ್ಲಿ ಪುರಾವೆ ಬೇಕಿರಲಿಲ್ಲ.

ಅವರಿಗೆ ಇನ್ನೊಂದು 40 ಯೂರೋ ಕಳಿಸಿದೆ. ಅಂಚೆ ಖರ್ಚು ಲೆಕ್ಕದಲ್ಲಿ ತಪ್ಪಿತ್ತು ಅಂತ ಸುಳ್ಳು ಬರೆದೆ, ನಿಜ ಬರೆಯಲು ನಾಚಿಕೆ. ಉತ್ತರ ಬರಲಿಲ್ಲ, ದುಡ್ಡೂ ವಾಪಸ್ ಬರಲಿಲ್ಲ. ಮನೆಯಲ್ಲಿ ಈ 40 ಯೂರೋ ವಿಷಯ ಇವತ್ತಿಗೂ ಹೇಳಿಲ್ಲ.

ಮುಂದೊಂದು ಸಲ ನನ್ನ ಹತ್ತಿರ ಹೆಚ್ಚಾದ ಒಂದು ಲೈಸೆನ್ಸ್ ಮಾರುವಾಗ ಅಳಿಯ ತನ್ನ ಖಾತೆಯಿಂದ ಎರಡು ಬಿಡ್ ಹಾಕಿ ಏರಿಸುತ್ತೇನೆ ಅಂದ. ಬೇಡ ಅಂದೆ. ನಿಯಮದಲ್ಲೂ ಅದಕ್ಕೆ ಜಾಗ ಇಲ್ಲ. 31 ಯೂರೋಗೆ ಹೋಯಿತು, ಅಳಿಯ ಇನ್ನೂ ಹಂಗಿಸುತ್ತಾನೆ.

ಕುಮಟೆಯವನಿಗೆ ಇನ್ನು ಈ ಹೊಂದಾಣಿಕೆ ಬೇಡ ಅಂದಾಗ ಅವನು ಜೋರಾಗಿ ನಕ್ಕ. 'ಮೀನು ಹರಾಜು ನೋಡಿದ್ದೀಯೇನೋ, ಅಡಿಕೆ ತೋಟದವನೇ?' ಅಂದ. ಸರಿ, ಹಾಗಾದರೆ ಇಬ್ಬರೂ ನಮ್ಮ ನಮ್ಮ ಪಾಡಿಗೆ ಹಾಕೋಣ ಅಂತಾಯಿತು. ಕಳೆದ ತಿಂಗಳು ಒಂದು ಸಿಎಸ್ 6 ಪೆಟ್ಟಿಗೆ ಬಂತು. 88 ಯೂರೋ ಚಿಲ್ಲರೆ ಹಾಕಿ ಮಲಗಿದೆ. ಬೆಳಿಗ್ಗೆ ನೋಡಿದರೆ ಒಂದು ಯೂರೋ ಹೆಚ್ಚಿಗೆ ಹೋಗಿತ್ತು. ಹಲ್ಲುಜ್ಜುವಷ್ಟರಲ್ಲಿ ಕುಮಟೆಯಿಂದ ಫೋನು.