ಬೆಳಗಿನ ಮೊದಲ ಸ್ಟಾರ್ಟ್‌ಗೆ ಎಂಜಿನ್ ಕಟಕಟ ಎಂದರೆ

ಬೆಳಿಗ್ಗೆ ಅಂಗಳದಲ್ಲಿ ಕಟಕಟ ಎಂದು ಬೆಚ್ಚಿಬೀಳಿಸಿದ ಬೈಕ್ ಮೆಕ್ಯಾನಿಕ್ ಎದುರು ನಿಂತರೆ ತುಟಿ ಬಿಚ್ಚುವುದಿಲ್ಲ. ಅವರು ಎರಡು ಸಲ ಎಕ್ಸಲರೇಟರ್ ತಿರುವಿ ‘ಏನೂ ಸದ್ದಿಲ್ಲವಲ್ಲ’ ಎಂದು ಕಳುಹಿಸಿಬಿಡುತ್ತಾರೆ. ತಪ್ಪು ಅವರದಲ್ಲ. ಗ್ಯಾರೇಜು ಮುಟ್ಟುವಷ್ಟರಲ್ಲಿ ಆಯಿಲ್ ಸಂದುಗೊಂದಿಗೆಲ್ಲ ಹರಿದು, ಲೋಹ ಬಿಸಿಯಾಗಿ ಹಿಗ್ಗಿ, ಸಡಿಲವಿದ್ದದ್ದೆಲ್ಲ ತಾತ್ಕಾಲಿಕವಾಗಿ ಮುಚ್ಚಿಕೊಂಡಿರುತ್ತದೆ. ತಣ್ಣಗಿನ ಎಂಜಿನ್ ತನ್ನ ಕಾಯಿಲೆಯನ್ನು ಹೇಳಿಕೊಳ್ಳುವುದು ದಿನಕ್ಕೊಮ್ಮೆ, ಅದೂ ಸ್ವಲ್ಪ ಹೊತ್ತು. ಆಗ ಪಕ್ಕದಲ್ಲಿರುವವರು ಗಾಡಿಯ ಮಾಲೀಕರು ಮಾತ್ರ.

ಎಲ್ಲರೂ ಮೊದಲು ಕೇಳುವುದು ‘ಸದ್ದು ಎಲ್ಲಿಂದ ಬರುತ್ತಿದೆ?’ ಎಂದು. ನನ್ನ ಪ್ರಕಾರ ಅದು ಎರಡನೆಯ ಪ್ರಶ್ನೆ. ಎಂಜಿನ್ ಎಂದರೆ ಒಂದಕ್ಕೊಂದು ಬಿಗಿದ ಲೋಹದ ಗಂಟು. ಎಂಜಿನ್‌ನ ಮೇಲ್ತುದಿಯ ಹೆಡ್‌ನಲ್ಲಿ ಹುಟ್ಟಿದ ಸದ್ದು ಕ್ಲಚ್ ಕವರ್ ಬಳಿಯೂ ಕೇಳಿಸುತ್ತದೆ. ಕಿವಿ ಮೋಸ ಹೋಗುತ್ತದೆ, ಗಡಿಯಾರ ಹೋಗುವುದಿಲ್ಲ. ಸದ್ದು ಯಾವ ಗಳಿಗೆಯಲ್ಲಿ ಶುರುವಾಗಿ ಯಾವಾಗ ನಿಂತಿತು ಎಂದು ಬರೆದಿಟ್ಟುಕೊಳ್ಳಿ. ಅನುಮಾನಿಸಬೇಕಾದ ಭಾಗಗಳ ಪಟ್ಟಿ ಅಲ್ಲಿಯೇ ಅರ್ಧಕ್ಕಿಳಿಯುತ್ತದೆ.

ಹಿಂದಿನ ಸಂಜೆಯ ಕೆಲಸ

ಪರೀಕ್ಷೆ ಬೆಳಿಗ್ಗೆಯಾದರೂ ತಯಾರಿ ಹಿಂದಿನ ಸಂಜೆಯೇ ಆಗಬೇಕು. ಗಾಡಿ ಓಡಿಸಿ ಬಂದ ಮೇಲೆ ಎಂಜಿನ್ ನಿಲ್ಲಿಸಿ, ಎರಡು ಮೂರು ನಿಮಿಷ ಬಿಟ್ಟು, ಸಮತಟ್ಟು ನೆಲದಲ್ಲಿ ಗಾಡಿಯನ್ನು ನೇರವಾಗಿ ನಿಲ್ಲಿಸಿ ಆಯಿಲ್ ಮಟ್ಟ ನೋಡಿ. ಸೈಡ್ ಸ್ಟ್ಯಾಂಡ್ ಮೇಲೆ ವಾಲಿದ ಗಾಡಿಯಲ್ಲಿ ನೋಡಿದ ಮಟ್ಟಕ್ಕೆ ಅರ್ಥವಿಲ್ಲ. ಆಯಿಲ್ ಕಡ್ಡಿಯನ್ನು ತಿರುಗಿಸಿ ಕೂರಿಸಿ ನೋಡಬೇಕೋ, ಸುಮ್ಮನೆ ಇಳಿಬಿಟ್ಟು ನೋಡಬೇಕೋ ಎಂಬುದು ಒಂದೊಂದು ಗಾಡಿಗೆ ಒಂದೊಂದು ರೀತಿ. ಗಾಡಿಯ ಜೊತೆ ಬಂದ ಕೈಪಿಡಿಯನ್ನು ಈ ಒಂದು ವಿಷಯಕ್ಕಾದರೂ ತೆರೆಯಿರಿ. ಮಟ್ಟ ಕೆಳಗಿನ ಗೆರೆಗಿಂತ ಇಳಿದಿದ್ದರೆ ಮುಂದಿನ ಪರೀಕ್ಷೆ ಯಾವುದೂ ಬೇಡ. ಮೊದಲು ಆಯಿಲ್ ತುಂಬಿಸಿ, ಮರುದಿನ ಬೆಳಿಗ್ಗೆ ಮತ್ತೆ ಕೇಳಿ.

ಆಯಿಲ್‌ನ ದಪ್ಪವೂ ಇಲ್ಲಿ ಮುಖ್ಯ. ಡಬ್ಬಿಯ ಮೇಲಿನ 10ಡಬ್ಲ್ಯು-30, 20ಡಬ್ಲ್ಯು-50 ಎಂಬ ಬರಹದಲ್ಲಿ ಮೊದಲ ಅಂಕಿ ಚಳಿಯಲ್ಲಿ ಆಯಿಲ್ ಹೇಗೆ ಹರಿಯುತ್ತದೆ ಎಂಬುದನ್ನು ಹೇಳುತ್ತದೆ. ಅಂಕಿ ಸಣ್ಣದಾದಷ್ಟೂ ತಣ್ಣಗಿನ ಎಂಜಿನ್‌ನಲ್ಲಿ ಆಯಿಲ್ ಬೇಗ ಮೇಲೇರುತ್ತದೆ. ಸದ್ದು ಅಡಗಲೆಂದು ದಪ್ಪ ಆಯಿಲ್ ಸುರಿಯುವ ಅಭ್ಯಾಸ ಹಲವರಿಗಿದೆ. ಬಿಸಿ ಎಂಜಿನ್‌ನ ಸದ್ದು ಅದರಿಂದ ತುಸು ತಗ್ಗಬಹುದು, ಆದರೆ ನಾವು ಹುಡುಕುತ್ತಿರುವ ಬೆಳಗಿನ ಸದ್ದು ಇನ್ನಷ್ಟು ಹೊತ್ತು ಉಳಿಯುತ್ತದೆ. ಕಾರಿನ ಆಯಿಲ್ ಹಾಕಿದ್ದರೆ ಅದು ಬೇರೆಯೇ ತಲೆನೋವು. ಬಹುತೇಕ ಬೈಕ್‌ಗಳ ಕ್ಲಚ್ ಅದೇ ಆಯಿಲ್‌ನಲ್ಲಿ ಮುಳುಗಿರುವುದರಿಂದ ಡಬ್ಬಿಯ ಮೇಲೆ ಜಾಸೋ ಎಂಎ ಅಥವಾ ಎಂಎ2 ಎಂದಿರುವುದನ್ನೇ ಕೊಳ್ಳಬೇಕು.

ಎಂಜಿನ್ ಪೂರ್ತಿ ಆರಿದ ಮೇಲೆ ಗಾಡಿಯ ಸುತ್ತ ಒಂದು ಸುತ್ತು ಬನ್ನಿ. ಸೈಲೆನ್ಸರ್ ಮೇಲಿನ ತಗಡು, ಚೈನ್ ಕವರ್, ನಂಬರ್ ಪ್ಲೇಟ್, ಎಂಜಿನ್ ಹಿಡಿದಿಟ್ಟಿರುವ ಬೋಲ್ಟ್‌ಗಳು, ಎಲ್ಲವನ್ನೂ ಮುಷ್ಟಿಯಿಂದ ಮೆಲ್ಲಗೆ ತಟ್ಟಿ. ಝಣಝಣ ಎಂದದ್ದು ಅಲ್ಲೇ ಸಿಕ್ಕಿಬೀಳುತ್ತದೆ. ಕೀ ಗೊಂಚಲಿನಲ್ಲಿರುವ ಉಳಿದ ಕೀಲಿಗಳನ್ನೂ ತೆಗೆದಿಡಿ. ನಗಬೇಡಿ, ಎಂಜಿನ್ ಬಿಚ್ಚಬೇಕೆಂದು ತೀರ್ಮಾನಿಸಿದ ಮೇಲೆ ಸದ್ದು ಕೀ ಗೊಂಚಲಿನದು ಎಂದು ಗೊತ್ತಾಗಿ ಪೆಚ್ಚಾದವರಲ್ಲಿ ನಾನೂ ಒಬ್ಬ.

ಬೆಳಿಗ್ಗೆ, ಬಟನ್ ಒತ್ತುವ ಮೊದಲು

ಗಾಡಿಯನ್ನು ಗಾಳಿಯಾಡುವ ಬಯಲಿಗೆ ತಳ್ಳಿಕೊಂಡು ಬನ್ನಿ. ಮುಚ್ಚಿದ ಶೆಡ್‌ನಲ್ಲಿ ಎಂಜಿನ್ ಓಡಿಸಿ ಕಿವಿಗೊಟ್ಟು ಕೂರುವುದು ಪ್ರಾಣಕ್ಕೇ ಅಪಾಯ; ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯಿಲ್ಲ. ನ್ಯೂಟ್ರಲ್‌ನಲ್ಲಿಟ್ಟು, ಮೊಬೈಲ್‌ನ ರೆಕಾರ್ಡಿಂಗ್ ಚಾಲೂ ಮಾಡಿ ಸೀಟಿನ ಮೇಲಿಡಿ. ಆಮೇಲೆಯೇ ಸ್ಟಾರ್ಟ್ ಮಾಡಿ. ಮೊದಲ ಒಂದೆರಡು ಸೆಕೆಂಡಿನಲ್ಲಿಯೇ ಅರ್ಧ ಉತ್ತರ ಇರುವುದರಿಂದ ಶುರುವಾದ ಮೇಲೆ ಮೊಬೈಲ್ ಹುಡುಕಿದರೆ ಪ್ರಯೋಜನವಿಲ್ಲ.

ಎಕ್ಸಲರೇಟರ್ ಮುಟ್ಟಬೇಡಿ. ಆಯಿಲ್ ಇನ್ನೂ ಮೇಲೇರದ ಎಂಜಿನ್ ಅನ್ನು ರೊಂಯ್ಯೆನ್ನಿಸುವುದರಿಂದ ಸವೆತ ಹೆಚ್ಚುತ್ತದೆ, ಸದ್ದೂ ಕಲಸಿಹೋಗುತ್ತದೆ. ಆಯಿಲ್ ಒತ್ತಡದ ಕೆಂಪು ದೀಪವಿರುವ ಗಾಡಿಯಾದರೆ ಅದು ಕೆಲವೇ ಸೆಕೆಂಡಿನಲ್ಲಿ ಆರಬೇಕು. ಆರದಿದ್ದರೆ ತಕ್ಷಣ ಎಂಜಿನ್ ನಿಲ್ಲಿಸಿ. ಉಳಿದ ಪರೀಕ್ಷೆ ಆ ದಿನಕ್ಕೆ ಮುಗಿಯಿತು.

ಗಡಿಯಾರ ಹೇಳುವುದು

ಸೆಲ್ಫ್ ಒತ್ತಿದಾಗ ಮಾತ್ರ, ಇಲ್ಲವೇ ಬೆರಳು ತೆಗೆದ ಕ್ಷಣದಲ್ಲಿ ಕರಕರ ಎಂದು ಅಲ್ಲಿಗೇ ನಿಂತರೆ, ಸ್ಟಾರ್ಟರ್‌ನ ಒಮ್ಮುಖ ಕ್ಲಚ್ ಜಾರುತ್ತಿರಬಹುದು. ಅದಕ್ಕೂ ಮೊದಲು ಬ್ಯಾಟರಿ ನೋಡಿ. ಸೊರಗಿದ ಬ್ಯಾಟರಿ ಎಂಜಿನ್ ಅನ್ನು ತಡವರಿಸುತ್ತಾ ತಿರುಗಿಸುವುದರಿಂದಲೂ ಇದೇ ಸದ್ದು ಬರುತ್ತದೆ. ಕಿಕ್ಕರ್ ಇರುವ ಗಾಡಿಯಲ್ಲಿ ಪರೀಕ್ಷೆ ಸುಲಭ. ಕಿಕ್ ಹೊಡೆದಾಗ ಸದ್ದಿಲ್ಲದಿದ್ದರೆ ಅನುಮಾನ ಗಟ್ಟಿಯಾಯಿತು.

ಎಂಜಿನ್ ಹತ್ತಿಕೊಂಡ ಮೇಲೆ ಒಂದೆರಡು ಸೆಕೆಂಡು ಗಲಗಲ ಎಂದು, ಯಾರೋ ಬಾಯಿ ಮುಚ್ಚಿಸಿದ ಹಾಗೆ ಥಟ್ಟನೆ ನಿಂತರೆ ಅದು ಎಂಜಿನ್‌ನೊಳಗೆ ಗಾಳಿ, ಹೊಗೆಯ ದಾರಿ ತೆರೆದು ಮುಚ್ಚುವ ವಾಲ್ವ್‌ಗಳನ್ನು ಓಡಿಸುವ ಟೈಮಿಂಗ್ ಚೈನ್‌ನದು. ಈ ಚೈನ್ ಸವೆದು ಉದ್ದವಾಗುತ್ತಾ ಹೋದಂತೆ ಅದರ ಸಡಿಲವನ್ನು ಒತ್ತಿ ಹಿಡಿಯಲು ಟೆನ್ಷನರ್ ಇರುತ್ತದೆ. ಕೆಲವು ಗಾಡಿಗಳಲ್ಲಿ ಅದು ಆಯಿಲ್ ಒತ್ತಡದಿಂದ ಕೆಲಸ ಮಾಡುತ್ತದೆ. ರಾತ್ರಿಯಿಡೀ ನಿಂತಾಗ ಅದರೊಳಗಿನ ಆಯಿಲ್ ಕೆಳಗಿಳಿದುಬಿಡುವುದರಿಂದ ಬೆಳಿಗ್ಗೆ ಪಂಪ್ ಒತ್ತಡ ತುಂಬುವವರೆಗೆ ಚೈನ್ ತನ್ನ ದಾರಿಯ ಗೋಡೆಗೆ ಬಡಿಯುತ್ತದೆ. ಅಂಥ ಟೆನ್ಷನರ್ ಇದ್ದು ಸದ್ದು ಎರಡು ಸೆಕೆಂಡಿನೊಳಗೆ ನಿಂತರೆ ನಾನು ತಲೆಕೆಡಿಸಿಕೊಳ್ಳುವುದಿಲ್ಲ. ಅದು ದಿನದಿಂದ ದಿನಕ್ಕೆ ಉದ್ದವಾಗುತ್ತಿದ್ದರೆ ಕೆಡಿಸಿಕೊಳ್ಳಬೇಕು. ಇನ್ನು ಕೆಲವು ಗಾಡಿಗಳಲ್ಲಿ ಸ್ಪ್ರಿಂಗ್ ಮತ್ತು ಹಲ್ಲುಗಳಿರುವ ಟೆನ್ಷನರ್ ಇರುತ್ತದೆ. ಅದು ಒಂದೊಂದೇ ಹಲ್ಲು ಮುಂದೆ ಸರಿಯುತ್ತದೆ, ಹಿಂದೆ ಬರುವುದಿಲ್ಲ. ಅದು ಸಿಕ್ಕಿಕೊಂಡರೆ ಗಲಗಲ ಸದ್ದು ಎಂಜಿನ್ ಬಿಸಿಯಾದ ಮೇಲೂ, ಮುಖ್ಯವಾಗಿ ಎಕ್ಸಲರೇಟರ್ ಬಿಟ್ಟಾಗ, ಇಣುಕುತ್ತಿರುತ್ತದೆ.

ಟೆನ್ಷನರ್ ಎರಡೇ ಬೋಲ್ಟ್‌ಗಳಲ್ಲಿ ನಿಂತಿರುವುದನ್ನು ಕಂಡು ಬಿಚ್ಚಲು ಕೈ ತುರಿಸುತ್ತದೆ. ಎಚ್ಚರವಿರಲಿ. ಅದನ್ನು ಹೊರತೆಗೆದಾಗ ಎಂಜಿನ್ ಒಂದಿಷ್ಟೂ ತಿರುಗಬಾರದು, ಗಾಡಿ ಗೇರಿನಲ್ಲಿದ್ದರೆ ತಳ್ಳಲೂ ಬಾರದು. ಚೈನ್ ಒಂದು ಹಲ್ಲು ಹಾರಿದರೆ ವಾಲ್ವ್‌ಗಳ ಲೆಕ್ಕ ತಪ್ಪಿ, ಅವು ಪಿಸ್ಟನ್‌ಗೆ ಬಡಿಯಬಹುದು. ಮರಳಿ ಕೂರಿಸುವಾಗ ಮುಂದೆ ಚಾಚಿಕೊಂಡ ಕಡ್ಡಿಯನ್ನು ಪೂರ್ತಿ ಒಳಗೆಳೆದು ಲಾಕ್ ಮಾಡಿ, ಬೋಲ್ಟ್ ಬಿಗಿದ ಮೇಲೆಯೇ ಬಿಡಬೇಕು. ಹೊರತೆಗೆದಾಗ ಕಡ್ಡಿ ತನ್ನ ಕೊನೆಯ ಹಲ್ಲುಗಳವರೆಗೆ ಬಂದಿರುವುದು ಕಂಡರೆ ಹೊಸ ಟೆನ್ಷನರ್ ಹಾಕಿ ಫಲವಿಲ್ಲ. ಸವೆದಿರುವುದು ಚೈನ್ ಅಥವಾ ಅದು ಜಾರುವ ಗೈಡ್ ಪಟ್ಟಿ.

ಸೆಕೆಂಡುಗಳಲ್ಲ, ಕೆಲವು ನಿಮಿಷ ಸದ್ದು ಉಳಿದು ಮೆಲ್ಲಮೆಲ್ಲನೆ ಕರಗಿದರೆ ಅದಕ್ಕೆ ಕಾರಣ ಲೋಹದ ಹಿಗ್ಗುವಿಕೆ. ಅಲ್ಯೂಮಿನಿಯಂ ಬಿಸಿಗೆ ಎರಕದ ಕಬ್ಬಿಣಕ್ಕಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ಸವೆದ ಬ್ಲಾಕ್‌ನಲ್ಲಿ ತಣ್ಣಗಿನ ಅಲ್ಯೂಮಿನಿಯಂ ಪಿಸ್ಟನ್ ಅತ್ತಿತ್ತ ವಾಲಿ ಗೋಡೆಗೆ ಬಡಿಯುತ್ತದೆ, ಬಿಸಿಯಾದಂತೆ ಉಬ್ಬಿ ಸುಮ್ಮನಾಗುತ್ತದೆ. ಸದ್ದು ಲೋಹದ್ದಾದರೂ ಟೊಳ್ಳಾಗಿ, ದಬದಬ ಎನ್ನುವಂತಿರುತ್ತದೆ. ನೀಲಿ ಹೊಗೆ ಇಲ್ಲದೆ, ಆಯಿಲ್ ಕಡಿಮೆಯಾಗದೆ, ಬಿಸಿಯಾದ ಮೇಲೆ ಸದ್ದು ಪೂರ್ತಿ ನಿಲ್ಲುವುದಾದರೆ ಅಂಥ ಎಂಜಿನ್ ಇನ್ನೂ ಬಹಳ ಕಾಲ ಓಡಬಹುದು; ಬಿಸಿಯಾಗುವವರೆಗೆ ಅದನ್ನು ಜೋರಾಗಿ ಎಳೆಯದಿದ್ದರೆ ಆಯಿತು.

ಇದೇ ಹೊತ್ತಿನಲ್ಲಿ ಕರಗುವ ಇನ್ನೊಂದು ಸದ್ದು ವಾಲ್ವ್ ಒತ್ತುವ ಟ್ಯಾಪೆಟ್‌ನ ವೇಷ ಹಾಕಿಕೊಂಡು ಬರುತ್ತದೆ. ಸೈಲೆನ್ಸರ್ ಪೈಪ್ ಹೆಡ್‌ಗೆ ಸೇರುವಲ್ಲಿ ಗ್ಯಾಸ್ಕೆಟ್ ಸೋರಿದರೆ ಪ್ರತಿ ಸಲ ಹೊಗೆ ಹೊರಬೀಳುವಾಗ ಟಿಕ್ ಟಿಕ್ ಎನ್ನುತ್ತದೆ, ಪೈಪ್ ಬಿಸಿಯಾಗಿ ಹಿಗ್ಗಿದಾಗ ಸಂದು ಮುಚ್ಚಿಕೊಳ್ಳುತ್ತದೆ. ಆ ಜಾಗದಲ್ಲಿ ಕಪ್ಪು ಮಸಿ ಹಿಡಿದಿದ್ದರೆ ಕಳ್ಳ ಸಿಕ್ಕಿದ ಹಾಗೆ. ಎಂಜಿನ್ ತಣ್ಣಗಿದ್ದಾಗ ನಟ್ ಬಿಗಿದು, ಗ್ಯಾಸ್ಕೆಟ್ ಬದಲಿಸಿ.

ಟ್ಯಾಪೆಟ್: ಸದ್ದಿಗಿಂತ ಮೌನ ಕೆಟ್ಟದ್ದು

ನಿಜವಾದ ಟ್ಯಾಪೆಟ್ ಸದ್ದು ಹೊಲಿಗೆ ಯಂತ್ರದಂತೆ ಒಂದೇ ಲಯದಲ್ಲಿರುತ್ತದೆ. ನಾಲ್ಕು ಸ್ಟ್ರೋಕ್ ಎಂಜಿನ್‌ನಲ್ಲಿ ವಾಲ್ವ್ ತೆರೆಯುವ ಕ್ಯಾಮ್, ಪಿಸ್ಟನ್ ತಿರುಗಿಸುವ ಕ್ರ್ಯಾಂಕ್‌ನ ಅರ್ಧ ವೇಗದಲ್ಲಿ ತಿರುಗುತ್ತದೆ. ಐಡ್ಲಿಂಗ್ ನಿಮಿಷಕ್ಕೆ 1200 ಸುತ್ತು ಇದ್ದರೆ ಒಂದು ವಾಲ್ವ್ ಸೆಕೆಂಡಿಗೆ 10 ಸಲ ಟಿಕ್ ಎನ್ನುತ್ತದೆ, ಕ್ರ್ಯಾಂಕ್ ಕಡೆಯ ಬಡಿತವಾದರೆ 20. ಎಣಿಸಲು ಆಗದು, ಆದರೆ ಎಂಜಿನ್‌ನ ಓಟಕ್ಕಿಂತ ಸದ್ದು ನಿಧಾನವಾಗಿದೆ ಎಂಬುದು ಕಿವಿಗೆ ಗೊತ್ತಾಗುತ್ತದೆ.

ಟ್ಯಾಪೆಟ್ ಮತ್ತು ವಾಲ್ವ್ ನಡುವಿನ ಗ್ಯಾಪ್ ನೋಡುವುದು ತಣ್ಣಗಿನ ಎಂಜಿನ್‌ನಲ್ಲಿಯೇ. 35 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆ ಇರಬೇಕೆಂದು ಕೆಲವು ಕೈಪಿಡಿಗಳು ಹೇಳುತ್ತವೆ. ಪಿಸ್ಟನ್ ಕಂಪ್ರೆಷನ್ ಸ್ಟ್ರೋಕ್‌ನ ತುದಿಯಲ್ಲಿರಬೇಕು. ಆಗ ವಾಲ್ವ್ ಒತ್ತುವ ತೋಳುಗಳಾದ ಎರಡೂ ರಾಕರ್‌ಗಳು ತುಸು ಅಲುಗಾಡುತ್ತವೆ. ಗ್ಯಾಪ್ ಅಳೆಯುವ ತೆಳು ತಗಡಾದ ಫೀಲರ್ ಗೇಜ್ ಮೆಲ್ಲನೆ ತಡೆಯೊಡ್ಡುತ್ತಾ ಜಾರಬೇಕು. ಅಳತೆ ಮಿಲಿಮೀಟರ್‌ನ ನೂರನೇ ಒಂದು ಭಾಗದ ಲೆಕ್ಕದ್ದಾದ್ದರಿಂದ ಅಂದಾಜು ನಡೆಯುವುದಿಲ್ಲ.

ಹಿಂದೊಮ್ಮೆ ಟಿಕ್ ಟಿಕ್ ಸಹಿಸಲಾಗದೆ ನಾನೇ ಗ್ಯಾಪ್ ತೀರ ಬಿಗಿ ಮಾಡಿದ್ದೆ. ಗಾಡಿ ಹೊಸದರಂತೆ ಮೆತ್ತಗಾಯಿತೆಂದು ಹಿಗ್ಗಿದ್ದೂ ಆಯಿತು. ಕೆಲವೇ ದಿನಗಳಲ್ಲಿ ಬಿಸಿ ಎಂಜಿನ್ ಐಡ್ಲಿಂಗ್‌ನಲ್ಲಿ ನಿಲ್ಲದಾಯಿತು, ಏರಿನಲ್ಲಿ ಎಳೆಯದಾಯಿತು. ಬಿಸಿಗೆ ಉದ್ದವಾದ ವಾಲ್ವ್ ತನ್ನ ಸೀಟಿನ ಮೇಲೆ ಪೂರ್ತಿ ಕೂರದೆ ಕಂಪ್ರೆಷನ್ ಸೋರುತ್ತಿತ್ತು. ಹೊಗೆ ಹೊರಹೋಗುವ ವಾಲ್ವ್ ತಣಿಯುವುದೇ ಮುಖ್ಯವಾಗಿ ಆ ಸೀಟಿನ ಮೂಲಕ. ಕೂರದ ವಾಲ್ವ್ ಸುಟ್ಟುಹೋಗುತ್ತದೆ. ಸದ್ದು ಮಾಡುವ ಟ್ಯಾಪೆಟ್ ಎಚ್ಚರಿಸುತ್ತದೆ, ಬಿಗಿಯಾದದ್ದು ಹೇಳದೆ ಕೇಳದೆ ಎಂಜಿನ್ ತಿನ್ನುತ್ತದೆ.

ಈಗ ‘ಎಲ್ಲಿಂದ?’

ಸಮಯ ಗೊತ್ತಾದ ಮೇಲೆ ಜಾಗ ಹುಡುಕಿ. ಉದ್ದನೆಯ ಸ್ಕ್ರೂಡ್ರೈವರ್‌ನ ತುದಿಯನ್ನು ಎಂಜಿನ್‌ಗೆ ಒತ್ತಿ, ಹಿಡಿಯನ್ನು ಕಿವಿಯ ಮುಂದಿನ ಎಲುಬಿಗೆ ತಾಗಿಸಿ. ಕಿವಿಯೊಳಗೆ ತುರುಕಬೇಡಿ, ತಿರುಗುವ ಚೈನ್‌ನಿಂದ, ಬಿಸಿ ಪೈಪ್‌ನಿಂದ ದೂರವಿರಿ. ಹೆಡ್ ಕವರ್, ಟೈಮಿಂಗ್ ಚೈನ್ ಇರುವ ಪಕ್ಕ, ಬ್ಲಾಕ್‌ನ ನಡು, ಕ್ಲಚ್ ಕವರ್, ಹೀಗೆ ಒಂದೊಂದು ಕಡೆ ಇಟ್ಟು ಹೋಲಿಸಿ.

ಬಳಿಕ ಕ್ಲಚ್ ಲಿವರ್ ಪೂರ್ತಿ ಹಿಡಿಯಿರಿ. ಸದ್ದು ಬದಲಾದರೆ ಅಥವಾ ಮಾಯವಾದರೆ ಅದು ಕ್ಲಚ್ ಬಾಸ್ಕೆಟ್ ಇಲ್ಲವೇ ಗೇರ್‌ಬಾಕ್ಸ್ ಕಡೆಯದು, ಟೈಮಿಂಗ್ ಚೈನ್ ಅಲ್ಲ. ಐಡ್ಲಿಂಗ್ ತೀರ ಕಡಿಮೆಯಿದ್ದರೂ ಕ್ಲಚ್ ಲೊಟಲೊಟ ಎನ್ನುತ್ತದೆ. ಬಿಚ್ಚುವ ಮೊದಲು ಐಡ್ಲಿಂಗ್ ಅನ್ನು ಕೈಪಿಡಿಯ ಅಳತೆಗೆ ತಂದು ನೋಡಿ.

ಒಂದು ಸದ್ದು ಮಾತ್ರ ಈ ಎಲ್ಲ ಲೆಕ್ಕಕ್ಕೂ ವಿರುದ್ಧವಾಗಿ ನಡೆಯುತ್ತದೆ. ಬೆಳಿಗ್ಗೆ ಸಣ್ಣದಾಗಿದ್ದು, ಎಂಜಿನ್ ಬಿಸಿಯಾಗಿ ಆಯಿಲ್ ತೆಳ್ಳಗಾದಂತೆ ಹೆಚ್ಚುತ್ತಾ, ಎಳೆಯುವಾಗ ಸುತ್ತಿಗೆಯ ಪೆಟ್ಟಿನಂತೆ ಕೇಳಿಸುವ ಆಳವಾದ ಬಡಿತ ಅದು. ಪಿಸ್ಟನ್ ಅನ್ನು ಕ್ರ್ಯಾಂಕ್‌ಗೆ ಜೋಡಿಸುವ ಕನೆಕ್ಟಿಂಗ್ ರಾಡ್‌ನ ಬೇರಿಂಗ್ ಹೋಗಿರುವ ಸಾಧ್ಯತೆ ಹೆಚ್ಚು. ಅಂಥ ಗಾಡಿಯನ್ನು ಗ್ಯಾರೇಜಿನವರೆಗೂ ಓಡಿಸಬಾರದು, ಹೇರಿಕೊಂಡು ಹೋಗಬೇಕು.

ಉಳಿದ ಯಾವುದೇ ಸದ್ದಿಗೆ ಗಾಡಿಯನ್ನು ಸಂಜೆಯೇ ಗ್ಯಾರೇಜಿನಲ್ಲಿ ಬಿಟ್ಟು ಬನ್ನಿ. ರೆಕಾರ್ಡಿಂಗ್ ಅನ್ನು ಮೆಕ್ಯಾನಿಕ್‌ಗೆ ಕಳುಹಿಸಿ, ಒಂದು ಚೀಟಿಯಲ್ಲಿ ಸದ್ದು ಎಷ್ಟು ಸೆಕೆಂಡು ಉಳಿಯಿತು, ಕ್ಲಚ್ ಹಿಡಿದಾಗ ಏನಾಯಿತು, ಆಯಿಲ್ ಬದಲಿಸಿ ಎಷ್ಟು ಕಿಲೋಮೀಟರ್ ಆಯಿತು ಎಂದು ಬರೆದು ಟ್ಯಾಂಕ್‌ಗೆ ಅಂಟಿಸಿ. ಬೆಳಿಗ್ಗೆ ಅವರು ಬಾಗಿಲು ತೆಗೆಯುವ ಹೊತ್ತಿಗೆ ನೀವೂ ಅಲ್ಲಿರಿ, ನೀವು ಬರುವವರೆಗೆ ಯಾರೂ ಸ್ಟಾರ್ಟ್ ಮಾಡಬಾರದೆಂದು ಹೇಳಿಡಿ.